ಯಾರ ಹಂಗೂ ಬೇಡ

ನಲವತ್ತು ದಾಟಿದ ಮೇಲೆ ಕೆಲವರಿಗೆ ಸಕ್ಕರೆ ಕಾಯಿಲೆ ಬರುತ್ತದೆ, ಕೆಲವರಿಗೆ ಮಂಡಿನೋವು. ನನಗೆ ಬಂದದ್ದು ‘ಯಾರ ಹಂಗೂ ಬೇಡ’ ಎಂಬ ಕಾಯಿಲೆ. ಬೆಳಿಗ್ಗೆ ಬಾವಿಯಿಂದ ನೀರು ಸೇದುವುದರಿಂದ ಹಿಡಿದು ರಾತ್ರಿ ಉತ್ತರ ಪತ್ರಿಕೆ ತಿದ್ದುವವರೆಗೆ ಎಲ್ಲವನ್ನೂ ನಾನೇ ಮಾಡಿಕೊಳ್ಳಬೇಕು. ನಮ್ಮವರು ಸಹಾಯಕ್ಕೆ ಬಂದರೂ ‘ಇರಲಿ ಬಿಡಿ’ ಎನ್ನುತ್ತೇನೆ. ಅವರೂ ಎರಡನೆಯ ಸಲ ಕೇಳುವ ತಪ್ಪು ಮಾಡುವುದಿಲ್ಲ. ಪೇಪರು ಬಿಡಿಸಿ ಕುಳಿತುಬಿಡುತ್ತಾರೆ. ಈ ಕಾಯಿಲೆಗೆ ಮದ್ದು ಸಿಕ್ಕಿದ್ದು ಡಾಕ್ಟರರಿಂದಲ್ಲ, ಒಂದು ಹಳೆಯ ಕಂಪ್ಯೂಟರಿನಿಂದ ಎಂದರೆ ನೀವು ನಗಬಹುದು. ನಗಿ, ಆದರೆ ಪೂರ್ತಿ ಕೇಳಿ ನಗಿ.

2020ರ ಮಳೆಗಾಲ. ಕೊರೊನಾದಿಂದಾಗಿ ಶಾಲೆಗೆ ಬೀಗ. ಅಂಕೋಲೆಯ ನಮ್ಮ ಮನೆಯಲ್ಲಿ ಅಟ್ಟ ಸ್ವಚ್ಛ ಮಾಡುವಾಗ ಅಪ್ಪನ ಒಂದು ಪುಸ್ತಕ ಕೈಗೆ ಸಿಕ್ಕಿತು. ಪುಸ್ತಕ ಎಂದರೆ ಅವರದೇ ಪುಸ್ತಕವಲ್ಲ, 1980ರಲ್ಲಿ ಅವರು ಮಾಸ್ತರರಾಗಿದ್ದ ಶಾಲೆ ಹೊರತಂದ ಸ್ಮರಣ ಸಂಚಿಕೆ. ಅದರಲ್ಲಿ ಅಪ್ಪನ ಒಂದು ಲೇಖನವಿದೆ. ಬದುಕಿನಲ್ಲಿ ಅಚ್ಚಾದ ಅವರ ಬರಹ ಅದೊಂದೇ. 1930ರ ಏಪ್ರಿಲ್ 13ರಂದು ಎಂ. ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಅಂಕೋಲೆಯಲ್ಲಿ ಉಪ್ಪಿನ ಕಾಯಿದೆ ಮುರಿದರಲ್ಲ, ಆ ದಿನಗಳನ್ನು ನಮ್ಮ ಅಜ್ಜಿ ಹೇಳಿದಂತೆ ಅವರು ಬರೆದಿಟ್ಟಿದ್ದರು. ತರಗತಿಯಲ್ಲಿ ನಾನು ಇಪ್ಪತ್ತೈದು ವರ್ಷ ಅದೇ ಪಾಠ ಮಾಡಿದವಳು. ಸ್ವಾವಲಂಬನೆ ಎಂಬ ಶಬ್ದಕ್ಕೆ ಅಡಿಗೆರೆ ಎಳೆಸಿ ಎಳೆಸಿ ಮಕ್ಕಳ ಪೆನ್ಸಿಲು ಸವೆಸಿದವಳು.

ಸಂಚಿಕೆಗೆ ಗೆದ್ದಲು ಹಿಡಿದಿತ್ತು. ಲೇಖನದ ಕೊನೆಯ ಹಾಳೆಗಳು ಪುಡಿಪುಡಿ. ಉಳಿದದ್ದನ್ನಾದರೂ ಉಳಿಸಿಕೊಳ್ಳೋಣವೆಂದರೆ ಬೆರಳಿನ ಗಂಟುನೋವಿನಲ್ಲಿ ಅಷ್ಟು ಪುಟ ಟೈಪು ಮಾಡುವುದು ನನ್ನಿಂದಾಗದು. ಇನ್ನೊಂದು ಪ್ರತಿ ಕಾರವಾರದಲ್ಲಿ ಅಕ್ಕನ ಮನೆಯಲ್ಲಿದೆ ಎಂದು ನನಗೆ ಗೊತ್ತಿತ್ತು. ಆ ಮಾತು ಸದ್ಯಕ್ಕೆ ಇರಲಿ.

ನನ್ನಂಥವಳ ಮನೆಗೆ ಲಿನಕ್ಸ್ ಹೇಗೆ ಬಂತೆಂದು ಹೇಳಬೇಕು. ಕೆಲವು ವರ್ಷಗಳ ಹಿಂದೆ ಸರಕಾರಿ ಪ್ರೌಢಶಾಲೆಯ ಶಿಕ್ಷಕರಿಗೆ ‘ವಿಷಯ ಶಿಕ್ಷಕರ ವೇದಿಕೆ’ ಎಂಬ ತರಬೇತಿ ನಡೆಯಿತು. ಅಲ್ಲಿ ನಮ್ಮ ಮುಂದೆ ಇಟ್ಟದ್ದು ಉಬುಂಟು ಎಂಬ ಲಿನಕ್ಸ್ ವ್ಯವಸ್ಥೆ. ಹಣ ಕೊಡಬೇಕಿಲ್ಲ, ಯಾರ ಅನುಮತಿಯೂ ಬೇಡ, ಹಂಚಿಕೊಳ್ಳಬಹುದು ಎಂದರು. ಯಾರ ಅನುಮತಿಯೂ ಬೇಡ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ನನ್ನ ಕಾಯಿಲೆಗೆ ಹೇಳಿ ಮಾಡಿಸಿದ್ದು ಎನಿಸಿ ಮನೆಯ ಲ್ಯಾಪ್‌ಟಾಪಿಗೂ ಅದನ್ನೇ ಹಾಕಿಸಿಕೊಂಡೆ. 2020ರಲ್ಲಿ ಅದರಲ್ಲಿದ್ದದ್ದು ಉಬುಂಟು 16.04. ಯಂತ್ರ ಮುದಿಯಾದ್ದರಿಂದ ಅದಕ್ಕಿಂತ ಹೊಸದು ಹಾಕಿದರೆ ಏದುಸಿರು ಬಿಡುತ್ತಿತ್ತು.

ಅಚ್ಚಾದ ಪುಟದ ಚಿತ್ರವನ್ನು ನೋಡಿ ಅಕ್ಷರ ಓದಿಕೊಡುವ ಟೆಸರಾಕ್ಟ್ ಎಂಬ ತಂತ್ರಾಂಶವಿದೆ, ಅದಕ್ಕೆ ಕನ್ನಡವೂ ಬರುತ್ತದೆ ಎಂದವನು ನನ್ನ ಹಳೆಯ ವಿದ್ಯಾರ್ಥಿ. ಅವರ್ಸೆಯ ಹುಡುಗ, ಬೆಂಗಳೂರಿನ ಕೆಲಸವನ್ನು ಆಗ ಮನೆಯಿಂದಲೇ ಮಾಡುತ್ತಿದ್ದ. ಈ ಟೆಸರಾಕ್ಟನ್ನು 1985ರಿಂದ ಸುಮಾರು ಹತ್ತು ವರ್ಷ ಹ್ಯೂಲೆಟ್ ಪ್ಯಾಕರ್ಡ್ ಕಂಪನಿಯವರು ಬೆಳೆಸಿದರಂತೆ. 2005ರಲ್ಲಿ ಎಲ್ಲರ ಬಳಕೆಗೆ ಬಿಟ್ಟುಕೊಟ್ಟರು, ಆಮೇಲೆ ಗೂಗಲ್‌ನವರು ಸಾಕಿದರು. 2018ರ ನಾಲ್ಕನೆಯ ಆವೃತ್ತಿಯಿಂದ ಅದು ಓದುವ ರೀತಿಯೇ ಬದಲಾಗಿ, ಒತ್ತಕ್ಷರ ತುಂಬಿದ ನಮ್ಮ ಲಿಪಿಗಳನ್ನೂ ಚೆನ್ನಾಗಿ ಓದತೊಡಗಿತು. ಆದರೆ ನನ್ನ ಉಬುಂಟುವಿನ ಉಗ್ರಾಣದಲ್ಲಿ ಇದ್ದದ್ದು ಮೂರನೆಯ ಆವೃತ್ತಿ. ನಾಲ್ಕು ಬೇಕಾದರೆ ಅದರ ಮೂಲ ಬರಹವನ್ನು ತಂದು ನಾವೇ ಕಟ್ಟಿಕೊಳ್ಳಬಹುದು.

ಎರಡಕ್ಕೂ ಏನು ಭೇದ ಎನ್ನುತ್ತೀರಾ? ಉಗ್ರಾಣದಿಂದ ತರಿಸುವುದೆಂದರೆ ಮದುವೆಗೆ ಅಡಿಗೆಯ ಭಟ್ಟರನ್ನು ಕರೆಸಿದ ಹಾಗೆ. ಆ ತಂತ್ರಾಂಶಕ್ಕೆ ಮತ್ತೇನೇನು ಬೇಕು ಎಂಬ ಪಟ್ಟಿ ಅದರ ಗಂಟಿನಲ್ಲೇ ಇರುತ್ತದೆ. ಆಪ್ಟ್ ಎಂಬ ಕಾರಭಾರಿ ಪಟ್ಟಿ ಓದಿ, ಬೇಕಾದ್ದನ್ನೂ, ಆ ಬೇಕಾದ್ದಕ್ಕೆ ಬೇಕಾದ್ದನ್ನೂ ಹುಡುಕಿ ತಂದು ಒಟ್ಟಿಗೆ ಜೋಡಿಸಿಬಿಡುತ್ತಾನೆ. ಡೆಬಿಯನ್ ಎಂಬ ಲಿನಕ್ಸ್ ಬಳಗದವರು 1999ರಲ್ಲೇ ತಮ್ಮ ಆವೃತ್ತಿಯಲ್ಲಿ ಕೊಟ್ಟ ಅನುಕೂಲವಿದು. ಡೆಬಿಯನ್ನಿನಿಂದಲೇ ಹುಟ್ಟಿದ ಉಬುಂಟುವಿಗೂ ಬಂದಿದೆ. ಮೂಲದಿಂದ ಕಟ್ಟುವುದೆಂದರೆ ಅಡಿಗೆ ನಮ್ಮದೇ. ಒಲೆ ಹೊತ್ತಿಸಿದ ಮೇಲೆ ತೆಂಗಿನಕಾಯಿ ಇಲ್ಲವೆಂದು ತಿಳಿಯುತ್ತದೆ, ಕಾಯಿ ತಂದ ಮೇಲೆ ತುರಿಯುವ ಮಣೆ ಮುರಿದದ್ದು ಕಾಣುತ್ತದೆ. ನನಗೇನು, ಸ್ವಂತ ಅಡಿಗೆಯೇ ಇಷ್ಟ. ‘ನಾನೇ ಕಟ್ಟುತ್ತೇನೆ’ ಎಂದೆ.

ಮೊದಲ ಹೆಜ್ಜೆಗೆ ‘ಕಾನ್ಫಿಗರ್’ ಎನ್ನುತ್ತಾರೆ. ಆಗ ಕಂಪ್ಯೂಟರು ಮನೆಯೆಲ್ಲ ತಡಕಾಡಿ ಏನಿದೆ, ಏನಿಲ್ಲ ಎಂದು ಒಂದೊಂದೇ ಸಾಲಿನಲ್ಲಿ ಹೇಳುತ್ತ ಹೋಗುತ್ತದೆ. ಸ್ವಲ್ಪ ದೂರ ಹೋಗಿ ನಿಂತುಬಿಟ್ಟಿತು. ಗಾಬರಿಯಾಗಿ ಹುಡುಗನಿಗೆ ಫೋನು ಮಾಡಿದೆ.

‘ಕೆಟ್ಟುಹೋಯ್ತು ಕಾಣ್ತದೆ ಮಾರಾಯಾ.’

‘ಕೆಡಲಿಲ್ಲ ಅಕ್ಕೋರೆ. ಅದು ಏನು ಕೇಳ್ತದೆ, ಕಡೇ ಸಾಲು ಓದಿ ನೋಡಿ.’

‘ಇಂಗ್ಲೀಷಿನಲ್ಲಿ ಏನೋ ಉದ್ದಕ್ಕೆ ಬಂದಿದೆ.’

‘ಪ್ರಶ್ನೆ ಓದದೆ ಉತ್ತರ ಬರೀಬೇಡ ಅಂತ ನೀವೇ ನಂಗೆ ಬೈತಿದ್ರಿ ಅಲ್ವಾ?’

ತಲೆತಗ್ಗಿಸಿ ಓದಿದೆ. ಲೆಪ್ಟೋನಿಕಾ 1.74 ಅಥವಾ ಅದಕ್ಕಿಂತ ಮೇಲಿನದು ಬೇಕು, ಇಂಥ ಹೆಸರಿನ ಗಂಟನ್ನು ಹಾಕಿ ನೋಡಿ ಎಂದು ಸ್ಪಷ್ಟವಾಗಿ ಬರೆದಿತ್ತು. ಲೆಪ್ಟೋನಿಕಾ ಎನ್ನುವುದು ಚಿತ್ರಗಳನ್ನು ತೆರೆದು ಹಸನು ಮಾಡಿಕೊಡುವ ಇನ್ನೊಂದು ತಂತ್ರಾಂಶ. ಅದು ತೋರಿಸಿಕೊಡದೆ ಟೆಸರಾಕ್ಟಿಗೆ ಪುಟವೇ ಕಾಣದು. ಕಾರಭಾರಿಗೆ ಹೇಳಿ ತರಿಸಿದೆ. ಮತ್ತೆ ಕಾನ್ಫಿಗರ್. ಮತ್ತೆ ಅದೇ ಸಾಲು! ನೋಡಿದರೆ ಉಗ್ರಾಣದಲ್ಲಿದ್ದ ಲೆಪ್ಟೋನಿಕಾ 1.73. ಒಂದೇ ಮೆಟ್ಟಿಲು ಕಡಿಮೆ. ‘ಒಂದು ಅಂಕಕ್ಕೆ ಫೇಲು ಮಾಡಿದ ಹಾಗಾಯ್ತಲ್ಲ’ ಎಂದರು ನಮ್ಮವರು ಪೇಪರಿನ ಹಿಂದಿನಿಂದ.

ಹಾಗಾದರೆ ಲೆಪ್ಟೋನಿಕಾವನ್ನೂ ಮೂಲದಿಂದಲೇ ಕಟ್ಟಬೇಕು. ಕಟ್ಟಿದೆ. ಅದು ತಕರಾರಿಲ್ಲದೆ ಮುಗಿಯಿತು. ಆಮೇಲೆ ಟೆಸರಾಕ್ಟ್. ‘ಮೇಕ್’ ಎಂದು ಅಪ್ಪಣೆ ಕೊಟ್ಟು ಅನ್ನಕ್ಕಿಟ್ಟು ಬಂದೆ. ಊಟ ಮುಗಿದರೂ ಮುಗಿಯದೆ ಸಾಲುಗಳು ಹರಿಯುತ್ತಲೇ ಇದ್ದವು. ಸಂಜೆಗೆ ಸಿದ್ಧವಾಯಿತು. ಕರೆದರೆ ತನ್ನದೇ ಭಾಗವೊಂದು ಕಾಣುತ್ತಿಲ್ಲವೆಂದು ಗೋಗರೆಯಿತು. ಹೊಸದಾಗಿ ಮನೆಗೆ ಬಂದವರ ಹೆಸರನ್ನು ರೇಷನ್ ಕಾರ್ಡಿಗೆ ಏರಿಸದಿದ್ದರೆ ಅಕ್ಕಿ ಕೊಡುವುದಿಲ್ಲವಲ್ಲ, ಹಾಗೆ. ‘ಎಲ್‌ಡಿಕಾನ್ಫಿಗ್’ ಎಂಬ ಆಜ್ಞೆ ಕೊಟ್ಟ ಮೇಲೆ ಹೆಸರು ದಾಖಲಾಯಿತು. ಕನ್ನಡ ಕಲಿಸುವ ಕಡತವನ್ನು ಬೇರೆಯೇ ತಂದು ಅದರ ಜಾಗದಲ್ಲಿಟ್ಟೆ. ಇನ್ನೇನು, ಗೆದ್ದೆ ಎಂದು ಫೋನಿನಲ್ಲಿ ತೆಗೆದ ಪುಟದ ಚಿತ್ರವನ್ನು ಅದರ ಮುಂದೆ ಹಿಡಿದೆ.

ಓದಲಿಲ್ಲ. ಜೆಪೆಗ್ ಚಿತ್ರವನ್ನು ತೆರೆಯುವ ವಿದ್ಯೆಯೇ ನನ್ನಲ್ಲಿಲ್ಲ ಎಂದುಬಿಟ್ಟಿತು.

ಈ ಸಲ ಹುಡುಗನೂ ಸ್ವಲ್ಪ ಹೊತ್ತು ಸುಮ್ಮನಾದ. ಆಮೇಲೆ, ‘ಅಕ್ಕೋರೆ, ಲೆಪ್ಟೋನಿಕಾ ಕಟ್ಟುವಾಗ ಬಂದ ಸಾಲುಗಳನ್ನು ಮೇಲಿಂದ ಓದಿ’ ಎಂದ. ಕನ್ನಡಕ ಒರೆಸಿಕೊಂಡು ಓದಿದೆ. ನೂರಾರು ‘ಹೌದು’ಗಳ ನಡುವೆ, ಜೆಪೆಗ್ ಇದೆಯೇ ಎಂಬಲ್ಲಿ ಒಂದು ಸಣ್ಣ ‘ಇಲ್ಲ’ ಕೂತಿತ್ತು. ಟೆಸರಾಕ್ಟು ಲೆಪ್ಟೋನಿಕಾ ಇಲ್ಲವೆಂದು ದಾರಿಗೆ ಅಡ್ಡ ಕೂತು ಕೇಳಿತು. ಲೆಪ್ಟೋನಿಕಾ ಹಾಗಲ್ಲ. ಜೆಪೆಗ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಅದನ್ನು ಬಿಟ್ಟು ಕಟ್ಟಿಕೊಳ್ಳುತ್ತೇನೆ ಎಂಬ ಜಾತಿ. ಹೊರಗಿನಿಂದ ನೋಡಿದರೆ ಪೂರ್ತಿ ಮನೆ, ಒಳಗೆ ಒಂದು ಬಾಗಿಲೇ ಇಲ್ಲ. ಜೆಪೆಗ್ ನನ್ನ ಯಂತ್ರದಲ್ಲಿ ಇರಲಿಲ್ಲವೇ? ಇತ್ತು, ದಿನವೂ ಫೋಟೋ ನೋಡುತ್ತಿದ್ದೆ. ಆದರೆ ಬಳಸುವುದಕ್ಕೆ ಅದು ಸಾಕು, ಅದರ ಮೇಲೆ ಇನ್ನೊಂದನ್ನು ಕಟ್ಟುವುದಕ್ಕೆ ಸಾಲದು. ಕಟ್ಟುವವರಿಗೆ ಅದರ ಪರಿಚಯ ಪತ್ರವೂ ಬೇಕು. ‘ಡೆವ್’ ಎಂಬ ಬಾಲವಿರುವ ಗಂಟುಗಳಲ್ಲಿ ಇರುವುದು ಅದೇ: ನನ್ನನ್ನು ಯಾವ ಹೆಸರಿನಿಂದ ಕರೆಯಬೇಕು, ಕರೆಯುವಾಗ ಏನು ಕೊಡಬೇಕು ಎಂಬ ವಿವರ. ನೆರೆಮನೆ ಇದ್ದರೆ ಸಾಲದು, ಅವರನ್ನು ಕೂಗಿ ಕರೆಯುವಷ್ಟು ಬಳಕೆ ಇರಬೇಕು.

ಜೆಪೆಗ್, ಪಿಎನ್‌ಜಿ, ಟಿಫ್ ಮೂರರ ಡೆವ್ ಗಂಟುಗಳನ್ನೂ ತರಿಸಿ ಲೆಪ್ಟೋನಿಕಾವನ್ನು ಮತ್ತೆ ಕಟ್ಟಿದೆ. ಟೆಸರಾಕ್ಟನ್ನು ಮುಟ್ಟಬೇಕಾಗಲಿಲ್ಲ, ಅದು ಕೆಲಸದ ಹೊತ್ತಿಗೆ ಲೆಪ್ಟೋನಿಕಾವನ್ನು ಕರೆದುಕೊಳ್ಳುವುದರಿಂದ ಹೊಸದನ್ನೇ ಕರೆದುಕೊಂಡಿತು. ರಾತ್ರಿ ಒಂಬತ್ತಕ್ಕೆ ಅಪ್ಪನ ಮೊದಲ ಸಾಲು ಪರದೆಯ ಮೇಲೆ ಮೂಡಿತು. ಒತ್ತಕ್ಷರಗಳು ಅಲ್ಲಲ್ಲಿ ಎಡವಿದ್ದವು. ಆದರೂ ಅದು ಅಪ್ಪನ ಮಾತೇ. ನಮ್ಮವರು ಪೇಪರು ಮಡಿಚಿಟ್ಟು ಬಂದು ಹಿಂದೆ ನಿಂತು ಓದಿದರು.

ಆ ರಾತ್ರಿ ನಿದ್ದೆ ಹತ್ತಲಿಲ್ಲ. ಆ ಸಣ್ಣ ‘ಇಲ್ಲ’ವೇ ಕಣ್ಣಿಗೆ ಕಟ್ಟಿತ್ತು. ಎಂಟು ವರ್ಷದ ಹಿಂದೆ ಆಯಿ ಹಾಸಿಗೆ ಹಿಡಿದಾಗ ಯಾರು ನೋಡಿಕೊಳ್ಳುವುದೆಂದು ನನಗೂ ಅಕ್ಕನಿಗೂ ಮಾತು ಬೆಳೆಯಿತು. ‘ನಿನ್ನ ಹಂಗು ನನಗೆ ಬೇಡ’ ಎಂದವಳು ನಾನು. ಆಯಿಯನ್ನು ಕೊನೆಯವರೆಗೂ ನಾನೊಬ್ಬಳೇ ನೋಡಿಕೊಂಡೆ, ಹೊರಗಿನವರು ಭೇಷ್ ಎಂದರು. ಅಕ್ಕನನ್ನು ಬಿಟ್ಟು ನಾನು ನನ್ನನ್ನು ಕಟ್ಟಿಕೊಂಡೆ, ತಕರಾರಿಲ್ಲದೆ ಮುಗಿಯಿತು. ಎಲ್ಲಿ ಏನು ಇಲ್ಲವೆಂದು ಈಗ ಕೊನೆಯ ಹಾಳೆಗಳು ಬೇಕಾದಾಗ ಕಂಡಿತು. ಯಂತ್ರಕ್ಕೆ ನಾಚಿಕೆಯಿಲ್ಲ, ಬೇಕಾದ್ದನ್ನು ಹೆಸರು ಹಿಡಿದು ಕೇಳುತ್ತದೆ. ನನಗೆ ಎಂಟು ವರ್ಷದಲ್ಲಿ ಒಂದು ಸಾಲು ಕೇಳಲಾಗಲಿಲ್ಲ.

ಮುಂದಿನ ವಾರ ಬಾಯಿಗೆ ಮಾಸ್ಕು ಕಟ್ಟಿಕೊಂಡು ಕಾರವಾರದ ಬಸ್ಸು ಹತ್ತಿದೆ. ಅವರ್ಸೆ, ಹಾರವಾಡ, ಅಮದಳ್ಳಿ, ಚೆಂಡಿಯಾ, ಅರ್ಗಾ. ನೌಕಾನೆಲೆಯ ಉದ್ದದ ಗೋಡೆ, ಅದರಾಚೆ ಕಾಣದ ಕಡಲು. ಬಿಣಗಾ ದಾಟುವಾಗ ಇಳಿದು ವಾಪಸು ಹೋಗೋಣವೇ ಎನಿಸಿತು. ಮೂವತ್ತು ಚಿಲ್ಲರೆ ಕಿಲೋಮೀಟರಿನ ಹಾದಿ ಅಷ್ಟು ಉದ್ದ ಎಂದೂ ಅನಿಸಿರಲಿಲ್ಲ.

ಬಾಗಿಲು ತೆರೆದ ಅಕ್ಕ ದೂರದಲ್ಲೇ ನಿಂತಳು. ಕೊರೊನಾಕ್ಕೋ ನನಗೋ ತಿಳಿಯಲಿಲ್ಲ. ನಾನು ಮನಸ್ಸಿನಲ್ಲಿ ಸಿದ್ಧಮಾಡಿಕೊಂಡು ಬಂದಿದ್ದ ಪೀಠಿಕೆಯೆಲ್ಲ ಬಿಟ್ಟು, ‘ಅಕ್ಕಾ, ಅಪ್ಪನ ಲೇಖನದ ಕೊನೇ ನಾಲ್ಕು ಪುಟ ನನ್ನತ್ರ ಇಲ್ಲ. ನಿನ್ನ ಪ್ರತಿ ಬೇಕು’ ಎಂದೆ.

ಅವಳು ಒಳಗೆ ಹೋಗಿ ಹಳೆಯ ಹತ್ತಿ ಸೀರೆಯ ತುಂಡಿನಲ್ಲಿ ಸುತ್ತಿಟ್ಟ ಸಂಚಿಕೆ ತಂದಳು. ಸೀರೆ ಆಯಿಯದು.

‘ಕೇಳಿದ್ರೆ ಯಾವತ್ತೋ ಕೊಡ್ತಿದ್ದೆ. ನೀನು ಕೇಳಲೇ ಇಲ್ಲ’ ಎಂದಳು. ಚಹಾ ಕುಡಿದು ಏಳುವಾಗ ತುಸು ಅಳುಕುತ್ತ, ‘ನಂಗೆ ಈಗ ಈ ಸಣ್ಣ ಅಕ್ಷರ ಕಾಣೋದಿಲ್ಲ. ದೊಡ್ಡದು ಮಾಡಿ ಕೊಡ್ಲಿಕ್ಕೆ ಆಗ್ತದೇನೇ?’ ಎಂದು ಕೇಳಿದಳು. ಎಂಟು ವರ್ಷದಲ್ಲಿ ಅವಳೂ ನನ್ನನ್ನು ಏನೂ ಕೇಳಿರಲಿಲ್ಲ.

ಕೊನೆಯ ಪುಟಗಳನ್ನು ಬಸ್ಸಿನಲ್ಲೇ ಓದಿದೆ. ಉಪ್ಪು ನಾವೇ ಮಾಡಿದೆವೆಂದು ಎದೆ ತಟ್ಟಿಕೊಂಡು ಮುಗಿಸಿರಬಹುದೆಂದು ಎಣಿಸಿದ್ದೆ. ಅಪ್ಪ ಬರೆದದ್ದು ಬೇರೆ. ಅಜ್ಜಿಗೆ ನೆನಪಿದ್ದಷ್ಟನ್ನು ಪಟ್ಟಿ ಮಾಡಿದ್ದರು: ಉಪ್ಪುನೀರು ಕಾಯಿಸಿದ ಮಡಕೆ ಯಾರ ಮನೆಯದು, ಸೌದೆ ಯಾವ ಕೇರಿಯಿಂದ ಬಂತು, ಪೋಲೀಸರು ಬಂದಾಗ ಮಕ್ಕಳನ್ನು ಯಾವ ಮನೆಯಲ್ಲಿ ಮಲಗಿಸಿದ್ದರು. ಸರಕಾರದ ಹಂಗು ಬೇಡವೆಂದವರು ಒಬ್ಬರೊಬ್ಬರ ಹಂಗಿನ ಲೆಕ್ಕವನ್ನು ಐವತ್ತು ವರ್ಷ ನೆನಪಿಟ್ಟಿದ್ದರು. ನಾನು ಮಕ್ಕಳಿಗೆ ಸ್ವಾವಲಂಬನೆಯ ಪಾಠ ಮಾಡುವಾಗ ಈ ನಾಲ್ಕು ಪುಟ ಬಿಟ್ಟೇ ಮಾಡಿದ್ದೆ.

ತಪ್ಪು ತಿದ್ದಿ, ದೊಡ್ಡ ಅಕ್ಷರದಲ್ಲಿ ಮುದ್ರಿಸಿ, ಹೊಲಿಗೆ ಹಾಕಿಸಿ ಅಕ್ಕನಿಗೆ ಕಳಿಸಿಕೊಟ್ಟೆ. ಮೂರನೆಯ ದಿನ ಫೋನು ಬಂತು.

‘ಅಡ್ಡಿಲ್ಲ, ಚೊಲೋ ಆಗಿದೆ. ಆದ್ರೆ ಹನ್ನೊಂದನೇ ಪುಟದಲ್ಲಿ ಒಂದು ತಪ್ಪು ಉಳಿದಿದೆ. ಉಪ್ಪು ಅಂತ ಇರಬೇಕಾದಲ್ಲಿ ಒಪ್ಪು ಅಂತ ಬಂದಿದೆ.’

ಇಪ್ಪತ್ತೈದು ವರ್ಷ ಕೆಂಪು ಪೆನ್ನು ಹಿಡಿದವಳ ಕಣ್ಣಿಗೆ ಅದು ಹೇಗೆ ತಪ್ಪಿತೋ. ತಿದ್ದಿ ಬೇರೆ ಪ್ರತಿ ಕಳಿಸುತ್ತೇನೆಂದೆ.

‘ಇರಲಿ ಬಿಡೇ’ ಎಂದಳು ಅಕ್ಕ, ‘ನೀನೇ ಬಾ ಒಂದ್ಸಲ. ಇಲ್ಲೇ ಕೂತು ತಿದ್ದು.’