ತಹೀತಿಯಲ್ಲಿ ನಮ್ಮ ಮನೆಯೂ ಮಕ್ಕಳ ಮಾತೂ

ದೂರದ ದ್ವೀಪದಲ್ಲಿ ಸಂಸಾರ ಹೂಡಿರುವ ನಾವು ಮಕ್ಕಳನ್ನು ಹೇಗೆ ಬೆಳೆಸುತ್ತಿದ್ದೇವೆಂಬುದನ್ನು ಈ ಸಂಚಿಕೆಗಾಗಿ ಬರೆದು ಕಳುಹಿಸಬೇಕೆಂದು ನಮಗೆ ಅಪ್ಪಣೆಯಾಗಿದೆ. ನಮ್ಮಲ್ಲಿ ಒಬ್ಬರು ಈ ಶಾಲೆಯಲ್ಲಿ ಓದಿದವರು. ಇನ್ನೊಬ್ಬರು ತಹೀತಿಯಲ್ಲಿಯೇ ಹುಟ್ಟಿ ಬೆಳೆದವರು. ಇಲ್ಲಿ ‘ನಾವು’ ಎಂದರೆ ದಂಪತಿಗಳಿಬ್ಬರೂ ಎಂದು ವಾಚಕರು ತಿಳಿಯಬೇಕು.

ತಹೀತಿಯು ಶಾಂತ ಮಹಾಸಾಗರದ ನಡುವೆ ಇರುವ, ಬೆಟ್ಟಗಳಿಂದ ತುಂಬಿದ ದ್ವೀಪ. 1842ರಲ್ಲಿ ಅದು ಫ್ರೆಂಚರ ರಕ್ಷಣೆಗೆ ಒಳಪಟ್ಟು 1880ರಲ್ಲಿ ಅವರ ವಸಾಹತಾಯಿತು. ಈಗ ಸ್ವಂತ ಶಾಸನಸಭೆಯುಳ್ಳ ಫ್ರೆಂಚ್ ಪಾಲಿನೇಶಿಯಕ್ಕೆ ಇದೇ ಮುಖ್ಯ ದ್ವೀಪ. ಶಾಲೆ, ಕಚೇರಿ, ಆಸ್ಪತ್ರೆಗಳಲ್ಲೆಲ್ಲ ಫ್ರೆಂಚ್ ಭಾಷೆಯೇ ನಡೆಯುತ್ತದೆ. ನಮ್ಮ ಮನೆಯಲ್ಲಿ ಏಳು ವರುಷದ ಮಗಳೂ ನಾಲ್ಕು ವರುಷದ ಮಗನೂ ಅವರ ಅಜ್ಜಿಯವರೂ ಇದ್ದಾರೆ. ಮಕ್ಕಳು ಅಜ್ಜಿಯನ್ನು ಇಲ್ಲಿಯ ರೂಢಿಯಂತೆ ‘ಮಾಮಾ ರೂಆವು’ ಎಂದು ಕರೆಯುತ್ತಾರೆ.

ಮಕ್ಕಳಿಗೆ ತಾಯಿಯಿಂದ ಕನ್ನಡವೂ ದೊರೆಯುತ್ತದೆ. ಆದರೆ ಕನ್ನಡಕ್ಕೆ ನಾಲ್ಕು ಕೋಟಿಗೂ ಮಿಕ್ಕ ಜನರ ಆಸರೆಯುಂಟು. ಇಲ್ಲಿಯ ದ್ವೀಪಗಳ ಜನಸಂಖ್ಯೆಯೆಲ್ಲ ಕೂಡಿದರೂ ಮೂರು ಲಕ್ಷವಾಗದು. ಅವರಲ್ಲಿಯೂ ಅನೇಕ ಮನೆಗಳ ಎಳೆಯರು ಫ್ರೆಂಚ್ ಒಂದನ್ನೇ ಆಡುತ್ತಾರೆ. ಆದುದರಿಂದ ತಹೀತಿಯ ಭಾಷೆಯು ಈ ಮನೆಯಲ್ಲಿ ಉಳಿಯುವುದೋ ಅಳಿಯುವುದೋ ಎಂಬುದು ನಮ್ಮ ಊಟದ ಮಣೆಯ ಮೇಲೆಯೇ ತೀರ್ಮಾನವಾಗತಕ್ಕ ವಿಷಯವೆಂದು ನಾವು ಬೇಗನೆ ಅರಿತೆವು.

ಅಜ್ಜಿಯವರು ಚಿಕ್ಕಂದಿನಲ್ಲಿ ಓದಿದ ಶಾಲೆಯೊಂದರಲ್ಲಿ ಆಟದ ಬಯಲಿನಲ್ಲಿ ಕೂಡ ತಾಯ್ನುಡಿಯನ್ನು ಆಡಬಾರದೆಂಬ ಕಟ್ಟಳೆಯಿತ್ತು. ಬಾಯಿತಪ್ಪಿ ಆಡಿದ ದಿನ ಅಂಗಳವನ್ನೆಲ್ಲ ಗುಡಿಸಬೇಕಾಗಿತ್ತು. ಅವರು ಇದನ್ನು ಕೋಪವಿಲ್ಲದೆ ಹೇಳುತ್ತಾರೆ. ಆದರೂ ತಮ್ಮ ಮಕ್ಕಳಿಗೆ ಆ ಕಷ್ಟ ಬಾರದಿರಲೆಂದು ಅವರೊಡನೆ ಹೆಚ್ಚಾಗಿ ಫ್ರೆಂಚಿನಲ್ಲಿಯೇ ಮಾತಾಡಿದರು. ಕಾಲವು ಬದಲಾಯಿತು. 1972ರಲ್ಲಿ ತಹೀತಿಯ ಅಕಾಡೆಮಿಯು ಸ್ಥಾಪಿತವಾಯಿತು. 1980ರ ದಶಕದಲ್ಲಿ ಭಾಷೆಗೆ ಶಾಲೆಯ ಬಾಗಿಲು ತೆರೆಯಿತು. 1999ರಲ್ಲಿ ಅಕಾಡೆಮಿಯವರ ನಿಘಂಟು ಅಚ್ಚಾಯಿತು. ಆದಾಗ್ಯೂ ವಾರಕ್ಕೆ ಕೆಲವು ಗಂಟೆಗಳ ಪಾಠವು ಅಜ್ಜಿಯ ಮಡಿಲಿಗೆ ಸಮವಾಗುವುದುಂಟೇ?

ಆದಕಾರಣ ನಾವು ಮನೆಯಲ್ಲಿ ಒಂದು ನಿಯಮವನ್ನು ಮಾಡಿಕೊಂಡೆವು: ಅಡಿಗೆಮನೆಯ ಹೊಸ್ತಿಲನ್ನು ದಾಟಿದವರು ತಹೀತಿಯ ಮಾತನ್ನೇ ಆಡತಕ್ಕದ್ದು. ಅಡಿಗೆಮನೆಯನ್ನೇ ಆರಿಸಿದ್ದಕ್ಕೆ ಕಾರಣವುಂಟು. ಅಲ್ಲಿ ಕೈಗೆ ಕೆಲಸವಿರುವುದರಿಂದ ಬಾಯಿಗೆ ನಾಚಿಕೆ ತೋರುವುದಿಲ್ಲ. ಕರಾವಳಿಯ ಸಹೋದರಿಯರು ನಮ್ಮ ಅಡಿಗೆಮನೆಗೆ ಬಂದರೆ ಪರದೇಶವೆಂದು ಭಾವಿಸಲಾರರು. ಇಲ್ಲಿಯ ‘ಉರು’ ಎಂಬುದು ನಮ್ಮ ಜೀಗುಜ್ಜೆಯೇ. ಅದನ್ನು ಇಡಿಯಾಗಿ ಬೆಂಕಿಯಲ್ಲಿಟ್ಟು, ಸಿಪ್ಪೆ ಕರಿಯಾಗುವ ತನಕ ಸುಟ್ಟು, ಸುಲಿದು ತಿನ್ನುತ್ತಾರೆ. ‘ಫಾಫಾ’ ಎಂದರೆ ಕೆಸುವಿನ ಎಲೆ. ನಮ್ಮವರು ಅದರಿಂದ ಪತ್ರೊಡೆ ಮಾಡುವಂತೆ ಇವರು ಅದನ್ನು ಕೋಳಿಯೊಡನೆ ಕಾಯಿಹಾಲಿನಲ್ಲಿ ಬೇಯಿಸುತ್ತಾರೆ; ಚೆನ್ನಾಗಿ ಬೇಯದಿದ್ದರೆ ಗಂಟಲು ತುರಿಸುವುದೆಂಬ ಎಚ್ಚರಿಕೆಯೂ ಎರಡೂ ಕಡೆಯ ಅಜ್ಜಿಯರಲ್ಲಿ ಒಂದೇ. ತೆಂಗಿನಕಾಯಿಯನ್ನು ತುರಿಯುವುದಕ್ಕೆ ಹಲ್ಲುಳ್ಳ ಕಬ್ಬಿಣವನ್ನು ಜೋಡಿಸಿದ ಮಣೆಯುಂಟು. ಮಗನು ತುರಿಯನ್ನು ಕದ್ದು ತಿನ್ನುತ್ತ, ಮಣೆಯ ಬಳಿ ಕುಳಿತು, ‘ಹೋಏ, ಪಿತಿ, ತೋರು, ಮಹಾ, ಪಯೆ’ ಎಂದು ಐದರವರೆಗೆ ಕಾಯಿಯ ಹೋಳುಗಳನ್ನು ಎಣಿಸಲು ಕಲಿತನು. ಭಾನುವಾರ ನೆಲವನ್ನು ತೋಡಿ, ಕಾದ ಕಲ್ಲುಗಳ ಮೇಲೆ ಆಹಾರವನ್ನಿಟ್ಟು, ಎಲೆಗಳಿಂದಲೂ ಮಣ್ಣಿನಿಂದಲೂ ಮುಚ್ಚಿ ಬೇಯಿಸುವ ‘ಅಹಿಮಾಆ’ ಎಂಬ ಒಲೆಯನ್ನು ಹೂಡಿದಾಗ ನೆರೆಯವರೂ ಕೂಡುತ್ತಾರೆ. ಆ ದಿನ ನಿಯಮವು ಅಂಗಳಕ್ಕೂ ಹಬ್ಬುತ್ತದೆ.

ಮಕ್ಕಳ ಪ್ರಶ್ನೆಗಳಿಗೆ ಉತ್ತರವನ್ನು ಹುಡುಕುವುದರಿಂದ ನಮಗೂ ವಿದ್ಯೆಯಾಗುತ್ತದೆ. ನೀರಿಗೆ ‘ಪಪೆ’ ಎನ್ನುವಾಗ ಹಳೆಯ ಸ್ಥಳನಾಮಗಳಲ್ಲಿ ‘ವಾಯಿ’ ಎಂದಿರುವುದೇಕೆಂದು ಮಗಳು ಕೇಳಿದಳು. ಪೂರ್ವದಲ್ಲಿ ಅರಸರ ಹೆಸರಿನಲ್ಲಿ ಬರುವ ಶಬ್ದವನ್ನು ಸಾಮಾನ್ಯರು ಉಚ್ಚರಿಸಬಾರದೆಂಬ ನಿಷೇಧವಿತ್ತು. ಅಂತಹ ಶಬ್ದದ ಸ್ಥಾನಕ್ಕೆ ಬೇರೊಂದು ಬರುತ್ತಿತ್ತು. ವಾಯಿಏತೆ ಎಂಬ ಊರು ಪಪೇಏತೆ ಎಂಬ ರಾಜಧಾನಿಯಾದುದು ಹೀಗೆ. ಇದನ್ನು ಕೇಳಿದ ಮೇಲೆ ಅವಳು ತನ್ನ ಹೆಸರನ್ನೂ ಯಾರೂ ಉಚ್ಚರಿಸಬಾರದೆಂದು ಒಂದು ದಿನವೆಲ್ಲ ಆಜ್ಞೆ ಮಾಡುತ್ತಿದ್ದಳು!

ಈ ಭಾಷೆಯನ್ನು ಬರಹಕ್ಕೆ ತಂದವರು 1797ರ ಮಾರ್ಚ್ 5ರಂದು ‘ಡಫ್’ ಎಂಬ ಹಡಗಿನಲ್ಲಿ ಬಂದ ಲಂಡನ್ ಮಿಶನ್ನಿನವರೂ ಅವರ ಹಿಂದೆ ಬಂದವರೂ. 1817ರಲ್ಲಿ ನೆರೆಯ ಮೋಓರೆಆ ದ್ವೀಪದಲ್ಲಿ ಮುದ್ರಣಯಂತ್ರವನ್ನು ನಿಲ್ಲಿಸಿದಾಗ ಎರಡನೆಯ ಪೋಮರೆ ರಾಜನು ಅಕ್ಷರಪುಸ್ತಕದ ಮೊದಲ ಹಾಳೆಯನ್ನು ತನ್ನ ಕೈಯಿಂದಲೇ ಅಚ್ಚೊತ್ತಿದನು. ಹೆನ್ರಿ ನಾಟ್ ಎಂಬವರ ತಹೀತಿ ಬೈಬಲ್ 1838ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಅದೇ ಮಿಶನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಬೈಬಲನ್ನು ಕನ್ನಡಿಸಲು ಶ್ರಮಿಸಿದರೆಂಬುದು ನಮ್ಮ ವಾಚಕರಿಗೆ ತಿಳಿದಿರಬಹುದು. ಅಜ್ಜಿಯವರು ಮಕ್ಕಳಿಗೆ ಓದಲು ಕಲಿಸುವುದು ಆ ಗ್ರಂಥದಿಂದಲೇ. ನಮ್ಮಲ್ಲಿರುವಂತೆ ಇಲ್ಲಿಯೂ ಸ್ವರಗಳಿಗೆ ಹ್ರಸ್ವದೀರ್ಘಗಳುಂಟು. ವ್ಯಂಜನಗಳೋ ಬಹಳ ಕಡಿಮೆ. ಕ, ಲ, ಸ ಎಂಬವು ಇಲ್ಲವೇ ಇಲ್ಲ.

ಭಾಷೆಯನ್ನು ಕಾಪಾಡಿದ ಆ ಕಾಲದವರೇ ನಾಟ್ಯವನ್ನು ನಿಷೇಧಿಸಿದರೆಂಬುದನ್ನೂ ಮುಚ್ಚಿಡಬಾರದು. ಶಾಲಾ ಉಪಾಧ್ಯಾಯಿನಿಯಾಗಿದ್ದ ಮದಲೇನ್ ಮೂಆ ಎಂಬವರು 1956ರಲ್ಲಿ ನಾಟ್ಯಮಂಡಲಿಯೊಂದನ್ನು ಕಟ್ಟಿ ಅದಕ್ಕೆ ಮರ್ಯಾದೆಯನ್ನು ತಂದುಕೊಟ್ಟರು. ನಮ್ಮ ಮಗಳು ನಾಟ್ಯ ಕಲಿಯಬೇಕೆಂದಾಗ ಮನೆಯಲ್ಲಿ ಸ್ವಲ್ಪ ಚರ್ಚೆ ನಡೆಯಿತು. ಅಜ್ಜಿಯವರ ಹಿರಿಯರು ಅದನ್ನು ಮೆಚ್ಚಿದವರಲ್ಲ. ಕಡೆಗೆ ಅಜ್ಜಿಯವರೇ ಅವಳ ಮುಡಿಗೆ ತಿಆರೆ ಹೂಗಳನ್ನು ಪೋಣಿಸಿ ಕಳುಹಿಸಿದರು.

ಹೊಲಿಗೆಯ ವಿಷಯವನ್ನು ಹೇಳದಿದ್ದರೆ ಈ ಶಾಲೆಯ ಸಹೋದರಿಯರು ಕ್ಷಮಿಸಲಾರರು. ಮಿಶನರಿಗಳ ಪತ್ನಿಯರಿಂದ ತುಂಡುಬಟ್ಟೆಗಳ ಹೊಲಿಗೆಯನ್ನು ಕಲಿತ ಇಲ್ಲಿಯ ಸ್ತ್ರೀಯರು ಅದನ್ನು ತಮ್ಮದಾಗಿ ಮಾಡಿಕೊಂಡು, ಜೀಗುಜ್ಜೆಯ ಎಲೆ, ಹೂ ಮುಂತಾದ ಆಕಾರಗಳನ್ನು ಕತ್ತರಿಸಿ ಹೊಲಿಯುವ ‘ತೀಫಯಿಫಯಿ’ ಎಂಬ ಹೊದಿಕೆಗಳನ್ನು ಮಾಡುತ್ತಾರೆ. ಮದುವೆಗೆ ಇದೇ ಶ್ರೇಷ್ಠವಾದ ಉಡುಗೊರೆ. ಅಜ್ಜಿಯವರ ಕಣ್ಣು ಮಂಜಾದುದರಿಂದ ಸೂಜಿಗೆ ದಾರ ಪೋಣಿಸುವ ಅಧಿಕಾರವು ಈಗ ಮಗಳದು. ನಮ್ಮ ಅಂಗಳದಲ್ಲಿ ಎರಡು ಮರಗಳಿವೆ: ಮಗಳದು ಜೀಗುಜ್ಜೆ, ಮಗನದು ತೆಂಗು. ಮಗು ಹುಟ್ಟಿದಾಗ ಮಾಸನ್ನು ಭೂಮಿಯಲ್ಲಿಟ್ಟು ಅದರ ಮೇಲೆ ಮರವನ್ನು ನೆಡುವುದು ಇಲ್ಲಿಯ ಪದ್ಧತಿ. ಮಾಸಿಗೆ ಇವರು ಹೇಳುವ ‘ಪೂಫೆನುವಾ’ ಎಂಬ ಹೆಸರಿನಲ್ಲಿಯೇ ನೆಲವೆಂಬ ಅರ್ಥದ ‘ಫೆನುವಾ’ ಅಡಗಿದೆ.

ಇಷ್ಟೆಲ್ಲ ನಡೆದರೂ ಮಗಳು ಅಜ್ಜಿಯ ಮಾತನ್ನು ತಿಳಿದುಕೊಂಡು ಉದ್ದವಾದ ಉತ್ತರವನ್ನು ಮಾತ್ರ ಫ್ರೆಂಚಿನಲ್ಲಿಯೇ ಕೊಡುತ್ತಿದ್ದಳು. ಕಳೆದ ವರುಷ ಅಜ್ಜಿಯವರು ಕಾಯಿಲೆಯಿಂದ ಆಸ್ಪತ್ರೆಯನ್ನು ಸೇರಿದರು. ಜ್ವರದ ತಾಪದಲ್ಲಿ ಅವರ ಬಾಯಿಂದ ಫ್ರೆಂಚ್ ಜಾರಿಹೋಗಿ ತಹೀತಿಯ ಮಾತೊಂದೇ ಉಳಿಯಿತು. ಕೋಳಿಗಳಿಗೆ ಕಾಯಿಯ ಚೂರು ಹಾಕಿದರೇ, ಉರು ಬಲಿತಿತೇ ಎಂದು ಅವರು ಮರಳಿ ಮರಳಿ ಕೇಳಿದರು. ನಾವು ಬಾಯಿ ತೆರೆಯುವುದರೊಳಗೆ ಮಗಳು ಮಂಚದ ಬಳಿ ನಿಂತು, ಕೋಳಿಗಳು ತಿಂದುವೆಂದೂ, ಉರು ಇನ್ನೂ ಎಳೆಯದೆಂದೂ, ಮಾಮಾ ರೂಆವು ಮನೆಗೆ ಬಂದ ಮೇಲೆಯೇ ಅದನ್ನು ಕೊಯ್ಯುವೆವೆಂದೂ ಅಜ್ಜಿಯ ಭಾಷೆಯಲ್ಲಿಯೇ ಹೇಳಿದಳು. ಒಂದೆರಡು ಕಡೆ ವ್ಯಾಕರಣ ತಪ್ಪಿತ್ತು. ಅಜ್ಜಿಯವರು ಅದನ್ನು ತಿದ್ದಿದರು. ಆಗಲೇ ಅವರು ಗುಣವಾಗುವರೆಂಬ ಭರವಸೆ ನಮಗುಂಟಾಯಿತು. ದೇವರ ದಯೆಯಿಂದ ಹಾಗೆಯೇ ಆಯಿತು.

ತಾಯಿತಂದೆಗಳೇ, ಹಿರಿಯರ ಸ್ವತ್ತನ್ನು ಮಕ್ಕಳಿಗೆ ಕೊಡಬೇಕೆಂದರೆ ಹಬ್ಬದ ದಿನವನ್ನು ಕಾಯಬೇಕಾಗಿಲ್ಲ. ಹಬ್ಬವು ವರುಷಕ್ಕೊಮ್ಮೆ, ಕಾಯಿ ತುರಿಯುವುದು ದಿನಂಪ್ರತಿ. ಕೆಲಸದಲ್ಲಿ ಮಕ್ಕಳ ಪುಟ್ಟ ಕೈಗೂ ಪಾಲು ಕೊಟ್ಟು, ಆ ಕೆಲಸಕ್ಕೆ ಸಲ್ಲುವ ಮಾತನ್ನು ಅಜ್ಜ ಅಜ್ಜಿಯರ ಬಾಯಿಂದಲೇ ಕೇಳಿಸಿರಿ. ಅಡಿಗೆ ಸ್ವಲ್ಪ ತಡವಾಗಬಹುದು, ನೆಲದ ಮೇಲೆ ತುರಿ ಚೆಲ್ಲಬಹುದು. ಅಷ್ಟನ್ನು ಸಹಿಸಿಕೊಂಡರೆ ಸಾಕು.