ಮಾವನ ಮೂವತ್ತು ದಿನ

1/7
ನಿಮ್ಮ ಮನೆಯವರು ಯಾರಾದ್ರೂ ಗಲ್ಫಲ್ಲಿ ಇದ್ದಾರಾ? ಕುಂದಾಪುರ, ಉಡುಪಿ, ಮಂಗಳೂರು ಕಡೆಯವರಿಗೆ ಈ ಪ್ರಶ್ನೆ ಕೇಳೋದೇ ವೇಸ್ಟ್. ಇದ್ದೇ ಇರ್ತಾರೆ. ಮಾವನೋ, ದೊಡ್ಡಪ್ಪನೋ, ಪಕ್ಕದ ಮನೆ ಅಣ್ಣನೋ. ನಮ್ಮನೆಯಲ್ಲಿ ಅಮ್ಮನ ಅಣ್ಣ, ಅಂದ್ರೆ ನನ್ನ ಮಾವ. ಶಾರ್ಜಾದಲ್ಲಿ ಒಂದು ಗೋಡೌನಲ್ಲಿ ಸ್ಟೋರ್‌ಕೀಪರ್. 2005ರಲ್ಲಿ ಹೋದವರು, ಅದೇ ವರ್ಷ ನಾನು ಹುಟ್ಟಿದ್ದು. ಹಾಗಾಗಿ ಮಾವ ಹೋಗಿ ಎಷ್ಟು ವರ್ಷ ಆಯ್ತು ಅಂತ ಯಾರಾದ್ರೂ ಕೇಳಿದ್ರೆ ನನ್ನ ವಯಸ್ಸು ಹೇಳಿದ್ರೆ ಸಾಕು.

ಮೊದಲ ಫೋಟೋದಲ್ಲಿ ಇರೋದು ಈ ಸಲದ ಪೆಟ್ಟಿಗೆಗಳು. ಟ್ಯಾಂಗ್, ನಿಡೋ, ಖರ್ಜೂರ, ಅಜ್ಜಿಗೆ ಮಂಡಿಗೆ ಹಚ್ಚೋ ಎಣ್ಣೆ. ಎಲ್ಲ ಈಗ ಕುಂದಾಪುರದ ಅಂಗಡಿಯಲ್ಲೇ ಸಿಗುತ್ತೆ. ಆದ್ರೂ ಪೆಟ್ಟಿಗೆ ಬಿಚ್ಚುವಾಗ ನಾವೆಲ್ಲ ಸುತ್ತ ಕೂತ್ಕೊಳ್ಳಲೇಬೇಕು. ಅದು ನಿಯಮ.

2/7
ಗಲ್ಫಿನವರ 'ಸಮ್ಮರ್ ವೆಕೇಶನ್' ಯಾವಾಗ ಗೊತ್ತಲ್ಲ? ಜುಲೈ, ಆಗಸ್ಟ್. ಅಲ್ಲಿ ಬಿಸಿಲು 45 ಡಿಗ್ರಿ ದಾಟ್ತದೆ, ಶಾಲೆ ಮುಚ್ತದೆ. ಇಲ್ಲಿ ಆಗ ಆಸಾಡಿ ಮಳೆ. ಅವರು ಬೇಸಿಗೆ ರಜೆ ಅಂತ ಹೊರಟು ಬಂದು ಇಳಿಯೋದು ಕೊಡೆ ಕೆಳಗೆ.

ಈಗ ನೀವೇ ಲೆಕ್ಕ ಹಾಕಿ, ಜುಲೈಯಲ್ಲಿ ಊರಲ್ಲಿ ಏನೇನು ಇರಲ್ಲ ಅಂತ. ಮಾವಿನಹಣ್ಣು ಮುಗಿದಿರ್ತದೆ. ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ, ಮಾರ್ಕೆಟಲ್ಲಿ ಮೀನು ಕಡಿಮೆ, ರೇಟ್ ಕೇಳಿದ್ರೆ ತಲೆ ತಿರುಗ್ತದೆ. ಆಷಾಢ ಅಂತ ಮದುವೆ ಇಲ್ಲ. ಕಂಬಳ ಇಲ್ಲ. ಯಕ್ಷಗಾನ ಮೇಳಗಳು ನವೆಂಬರ್ ಹೊತ್ತಿಗೆ ತಿರುಗಾಟಕ್ಕೆ ಹೊರಟು ಮೇ ಕೊನೆಗೆ ಗೆಜ್ಜೆ ಬಿಚ್ಚಿರ್ತವೆ. ಮಳೆಗಾಲದಲ್ಲಿ ಹಾಲ್ ಒಳಗೆ ಆಟ ಇರುತ್ತೆ ಅನ್ನಿ. ಆದ್ರೆ ಕೊಯ್ಲಾದ ಗದ್ದೆಯಲ್ಲಿ ಚಾಪೆ ಹಾಸಿ, ಕಡ್ಲೆ ತಿಂತಾ ಬೆಳಗಿನವರೆಗೆ ನೋಡೋ ಆಟ ಬೇರೆ.

ಮಾವ ಅಲ್ಲಿ ಕೂತು ನೆನಪು ಮಾಡ್ಕೊಳ್ಳೋದು ಪೂರ್ತಿ ಇದನ್ನೇ. ಅವರು ಬರುವಾಗ ಮಾತ್ರ ಊರೇ ರಜೆಯಲ್ಲಿರ್ತದೆ.

ಈ ಸಲ ಮಾವ ಬಂದದ್ದು ಜುಲೈ 5ಕ್ಕೆ, ವಾಪಸ್ ಹೋದದ್ದು ಆಗಸ್ಟ್ 3ಕ್ಕೆ. ಗಂಗೊಳ್ಳಿ ಬಂದರಿಂದ ದೊಡ್ಡ ದೋಣಿಗಳು ಕಡಲಿಗೆ ಇಳಿಯೋ ಹೊತ್ತಿಗೆ ಮಾವ ಏರ್‌ಪೋರ್ಟಿಗೆ ಹೊರಟಾಗಿತ್ತು.

3/7
ಹಾಗಾದ್ರೆ ಬೇರೆ ತಿಂಗಳಲ್ಲಿ ಬರಬಹುದಲ್ಲ? ನಾನೂ ಕೇಳಿದ್ದೆ. ಮಕ್ಕಳ ಶಾಲೆ ಇದೆ, ಅಷ್ಟೇ ಉತ್ತರ. ಎಲ್ಲರ ಮಕ್ಕಳಿಗೂ ಒಟ್ಟಿಗೆ ರಜೆ, ಎಲ್ಲರೂ ಒಟ್ಟಿಗೆ ಹೊರಡ್ತಾರೆ, ಟಿಕೆಟ್ ರೇಟ್ ಮೇಲೆ ಹೋಗ್ತದೆ. ಫಸ್ಟ್ ಸೆಮ್ ಎಕನಾಮಿಕ್ಸಲ್ಲಿ ಓದಿದ್ವಲ್ಲ, ಬೆಲೆ ಏರಿದ್ರೂ ಬೇಡಿಕೆ ಇಳಿಯದ ವಸ್ತುವಿಗೆ ಉದಾಹರಣೆ ಕೊಡಿ ಅಂತ? ಎಲ್ಲರೂ ಉಪ್ಪು ಅಂತ ಬರೆದ್ವಿ. ಜುಲೈ ತಿಂಗಳ ದುಬೈ–ಮಂಗಳೂರು ಟಿಕೆಟ್ ಅಂತಲೂ ಬರೀಬಹುದಿತ್ತು. ಮಾವ, ಅತ್ತೆ, ಮಗಳು, ಮಗ, ನಾಲ್ಕು ಟಿಕೆಟ್. ಅದಕ್ಕೆ ಮಾವ ವರ್ಷವಿಡೀ ಹಣ ಕೂಡಿಡ್ತಾರೆ.

ಇನ್ನೊಂದು ವಿಷಯ. 'ಗಲ್ಫ್ ದುಡ್ಡು' ಅಂತ ನಾವು ಸುಲಭವಾಗಿ ಹೇಳ್ತೀವಿ. ದಿರ್ಹಮ್ ಅನ್ನು 1997ರಿಂದ ಡಾಲರ್‌ಗೆ ಕಟ್ಟಿ ಹಾಕಿದ್ದಾರೆ, ಒಂದು ಡಾಲರ್‌ಗೆ 3.6725. ಹಾಗಾಗಿ ಡಾಲರ್ ಎದುರು ರೂಪಾಯಿ ಬಿದ್ದಷ್ಟೂ ಮಾವ ಕಳಿಸೋ ದಿರ್ಹಮ್‌ಗೆ ಇಲ್ಲಿ ಜಾಸ್ತಿ ರೂಪಾಯಿ. ಅವರು ಹೋದಾಗ ಒಂದು ದಿರ್ಹಮ್‌ಗೆ ಸುಮಾರು 12 ರೂಪಾಯಿ, 2025ರಲ್ಲಿ 23ರ ಮೇಲೆ. ಕೇಳೋಕೆ ಚಂದ. ಆದ್ರೆ ಅಲ್ಲಿನ ಬಾಡಿಗೆ, ಶಾಲೆ ಫೀಸು ಎಲ್ಲ ದಿರ್ಹಮಲ್ಲೇ ಹೋಗ್ತದೆ. ಆ ಖರ್ಚಿಗೆ ರೂಪಾಯಿ ಬಿದ್ದದ್ದು ಏನೂ ಉಪಕಾರ ಇಲ್ಲ.

4/7
ಮೂರನೇ ಫೋಟೋ ನೋಡಿ. ಅಜ್ಜಿ ಮತ್ತು ಮಾವನ ಮಗ, ಜಗಲಿಯಲ್ಲಿ. ಅವನಿಗೆ 12 ವರ್ಷ. ಇಂಗ್ಲಿಷ್, ಹಿಂದಿ ಬರ್ತದೆ. ಅಲ್ಲಿನ ಶಾಲೆಯಲ್ಲಿ ಅರೇಬಿಕ್ ಕಡ್ಡಾಯ, ಅದೂ ಸ್ವಲ್ಪ ಬರ್ತದೆ. ಕನ್ನಡ ಕೇಳಿದ್ರೆ ಅರ್ಥ ಆಗ್ತದೆ, ಬಾಯಿಗೆ ಬರಲ್ಲ. ಅಜ್ಜಿಗೆ ಗೊತ್ತಿರೋದು ಕುಂದಾಪ್ರ ಕನ್ನಡ ಒಂದೇ.

"ಉಂಡ್ಯಾ ಮಗಾ?" ಅಂತ ಅಜ್ಜಿ. "ಯೆಸ್ ಅಜ್ಜಿ" ಅಂತ ಇವನು. ಮೊದಲ ವಾರ ಇಷ್ಟೇ ಮಾತು. ಆಮೇಲೆ ಅಜ್ಜಿ ಅವನನ್ನು ಕೆಸುವಿನ ಎಲೆ ತರೋಕೆ ಕಳಿಸಿದ್ರು, ಪತ್ರೊಡೆಗೆ. ತಂದ ಎಲೆಗೆ ಹಿಟ್ಟು ಹಚ್ಚೋಕೆ ಕೂರಿಸಿದ್ರು. ಕೈಗೆ ತುರಿಕೆ ಬಂತು ಅಂತ ಅವನು ಕೂಗಿದಾಗ ಅಜ್ಜಿ ನಕ್ಕದ್ದು ನೋಡ್ಬೇಕಿತ್ತು ನೀವು! ಜುಲೈ 24, ಆಸಾಡಿ ಅಮಾಸಿ, ನಮ್ಮ ಕಡೆ ಕುಂದಾಪ್ರ ಕನ್ನಡ ದಿನ ಅಂತ ಸ್ಟೇಟಸ್ ಹಾಕ್ತೀವಲ್ಲ, ಆ ದಿನ ಅವನು ಊಟಕ್ಕೆ ಕೂತು "ಅಜ್ಜಿ, ಇನ್ನೊಂಚೂರ್ ಹಾಕ್" ಅಂದ. ಅಜ್ಜಿ ಮೂರು ಸಲ ಹಾಕಿದ್ರು.

5/7
ಈಗ ಲೆಕ್ಕಕ್ಕೆ ಬರ್ತೀನಿ. ಬಿ.ಕಾಂ. ಅಲ್ವಾ, ಬಿಡೋಕಾಗಲ್ಲ.

ಯುಎಇ ಕಾನೂನಿನಲ್ಲಿ ಒಂದು ವರ್ಷ ಕೆಲಸ ಮಾಡಿದವರಿಗೆ ವರ್ಷಕ್ಕೆ 30 ದಿನ ರಜೆ. 20 ವರ್ಷಕ್ಕೆ 600 ದಿನ. ಮಾವ ಒಂದು ದಿನವೂ ಬಿಡದೆ ಊರಿಗೆ ಬಂದಿದ್ದಾರೆ ಅಂತಲೇ ಇಟ್ಕೊಳ್ಳಿ, 20 ವರ್ಷದಲ್ಲಿ 20 ತಿಂಗಳು.

ಈ ವರ್ಷದ 30 ದಿನ ಹೇಗೆ ಖರ್ಚಾಯ್ತು? ಅತ್ತೆಯ ತವರು ಬೈಂದೂರಲ್ಲಿ 10. ಬೆಂಗಳೂರಲ್ಲಿ ಚಿಕ್ಕಮ್ಮನ ಮನೆ 3. ಬ್ಯಾಂಕ್, ಆಧಾರ್, ಹಲ್ಲಿನ ಡಾಕ್ಟ್ರು, ತಾಲ್ಲೂಕು ಆಫೀಸು ಸೇರಿ 4. ಬರೋದು ಹೋಗೋದು 2. ಉಳಿದದ್ದು 11.

ಅಜ್ಜಿಗೆ 78. ದೇವರು ಇನ್ನೂ ಹತ್ತು ವರ್ಷ ಕೊಟ್ಟರೂ 110 ದಿನ. ನಾಲ್ಕು ತಿಂಗಳೂ ಇಲ್ಲ.

ನಾನಿದನ್ನು ಹಳೇ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದಿದ್ದೆ. ಒಂದು ರಾತ್ರಿ ಊಟ ಆದ್ಮೇಲೆ ಅಮ್ಮನಿಗೂ ಮಾವನಿಗೂ ಸ್ವಲ್ಪ ಮಾತಾಯ್ತು. ಅಜ್ಜಿಯ ಕಣ್ಣಿನ ಆಪರೇಶನ್ ವಿಷಯ. "ಖರ್ಚು ನಾನು ಕಳಿಸ್ತೆ, ಎಷ್ಟಾದ್ರೂ ಆಗ್ಲಿ" ಅಂದ್ರು ಮಾವ. ಅಮ್ಮ ಪಾತ್ರೆ ತೊಳೀತಾ ಇದ್ದೋರು ತಿರುಗದೇನೇ ಹೇಳಿದ್ರು, "ದುಡ್ಡಿನ ಲೆಕ್ಕ ನಾನು ಕೇಳ್ಲಿಲ್ಲ ಅಣ್ಣ. ಆಪರೇಶನ್ ಆದ್ಮೇಲೆ ಕಣ್ಣಿಗೆ ಡ್ರಾಪ್ಸ್ ಹಾಕೋರು ಯಾರು? ದಿನದ ಲೆಕ್ಕ ಹೇಳು."

ಅಡುಗೆಮನೆಯಲ್ಲಿ ನಲ್ಲಿ ನೀರಿನ ಸದ್ದು ಬಿಟ್ಟು ಬೇರೇನೂ ಇಲ್ಲ.

6/7
ಇಲ್ಲಿ ಮಾವನನ್ನು ವಿಲನ್ ಮಾಡ್ಬೇಡಿ, ಪ್ಲೀಸ್. ಮಾರನೇ ದಿನ ಅವರು ನನ್ನ ಹತ್ರ ಕೂತು ಅವರ ಲೆಕ್ಕ ಹೇಳಿದ್ರು. ವೀಸಾ ಇರೋದು ಕೆಲಸಕ್ಕೆ ಅಂಟಿಕೊಂಡು. ಕೆಲಸ ಹೋದ್ರೆ ಸ್ವಲ್ಪ ಸಮಯದಲ್ಲಿ ಬೇರೆ ಹುಡುಕಬೇಕು, ಇಲ್ಲ ಮನೆ ಖಾಲಿ ಮಾಡ್ಬೇಕು. ಅಲ್ಲಿ ಪೆನ್ಶನ್ ಇಲ್ಲ, ಗ್ರಾಚ್ಯುಟಿ ಮಾತ್ರ: ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ ಮೂಲ ವೇತನ, ಆಮೇಲೆ ವರ್ಷಕ್ಕೆ 30 ದಿನದ್ದು. 20 ವರ್ಷಕ್ಕೆ 105 ಪ್ಲಸ್ 450, ಒಟ್ಟು 555 ದಿನದ ಮೂಲ ವೇತನ. "ಅದ್ರಲ್ಲಿ ಮಗಳ ಇಂಜಿನಿಯರಿಂಗ್ ಆಗ್ತದಾ, ಮನೆ ಸಾಲ ತೀರ್ತದಾ, ನೀನೇ ಹೇಳು" ಅಂದ್ರು. ಆಗಲ್ಲ. ನಾನೇ ಕೂಡಿಸಿ ನೋಡ್ದೆ.

ಆಮೇಲೆ ನಾನು ನನ್ನ ಪುಟ ತೋರಿಸ್ದೆ. 11 ದಿನ, 110 ದಿನ. ಮಾವ ಕನ್ನಡಕ ತೆಗೆದು ತುಂಬಾ ಹೊತ್ತು ನೋಡಿದ್ರು. ಬೈಂದೂರಿನ 10ರ ಹತ್ತಿರ ಬೆರಳಿಟ್ಟು, "ಅದನ್ನ ಕಡಿಮೆ ಮಾಡೋಕಾಗಲ್ಲ, ನಿನ್ನ ಅತ್ತೆಗೂ ಅಮ್ಮ ಇದ್ದಾರೆ" ಅಂದ್ರು. ಅದೂ ಸರಿ. ಆ ಮನೆಯಲ್ಲೂ ಒಬ್ಬರು ಕ್ಯಾಲೆಂಡರ್ ನೋಡ್ತಾ ಕೂತಿರ್ತಾರೆ.

7/7
ಈಗ ಒಂದು ಸಣ್ಣ ಸುದ್ದಿ. ನಮ್ಮನೆಯಿಂದ ಹರಕೆ ಆಟ ಬುಕ್ ಮಾಡಿ ವರ್ಷಗಟ್ಟಲೆ ಆಗಿತ್ತು. ಸರದಿ ಬರೋ ಜನವರಿಗೆ ಬಂದಿದೆ. ಮನೆ ಮುಂದಿನ ಗದ್ದೆಯಲ್ಲೇ ಆಟ. ಅಜ್ಜಿ ಹೇಳಿಕೊಂಡ ಹರಕೆ ಅದು, ಮಾವ ಮೊದಲ ಸಲ ವಿಮಾನ ಹತ್ತಿದಾಗ, ಮಗ ಚೆನ್ನಾಗಿರಲಿ ಅಂತ. ಅಂದ್ರೆ ಯಾರಿಗೋಸ್ಕರ ಆಟವೋ ಅವರೇ ಇರಲ್ಲ ಅಂತ ಆಗಿತ್ತು.

ಹೋಗುವ ದಿನ ಅಜ್ಜಿ ಎಂದಿನಂತೆ ಕೇಳಿದ್ರು, "ಮತ್ತ್ ಬಪ್ದ್ ಯಾವಾಗ್ ಮಗಾ?" ಪ್ರತಿ ವರ್ಷ ಮಾವನ ಉತ್ತರ "ಬರೋ ವರ್ಷ ಅಮ್ಮ" ಅಂತ. ಈ ಸಲವೂ ಅದನ್ನೇ ಹೇಳಿ ಕಾರು ಹತ್ತಿದ್ರು. ಹಪ್ಪಳ, ಕುಚ್ಚಲಕ್ಕಿ, ಮಿಡಿ ಉಪ್ಪಿನಕಾಯಿ, ಒಣಮೀನು, ಎಲ್ಲ ತೂಕ ಮಾಡಿ ಕಟ್ಟಿದ್ದು ನಾನೇ.

ಮೊನ್ನೆ ವಾಟ್ಸಾಪಲ್ಲಿ ಒಂದು ಟಿಕೆಟ್ ಬಂತು. ಜನವರಿ, ಒಬ್ಬರಿಗೆ, 12 ದಿನ. ಕಂಪನಿಯವರು ರಜೆಯನ್ನು ಎರಡು ತುಂಡು ಮಾಡೋಕೆ ಒಪ್ಪಿದ್ದಾರೆ. ಬರೋ ಜುಲೈಗೆ ಅತ್ತೆ ಮಕ್ಕಳು ಪೂರ್ತಿ ಬರ್ತಾರೆ, ಮಾವ ಉಳಿದ 18 ದಿನಕ್ಕೆ. ಅಜ್ಜಿಯ ಆಪರೇಶನ್ನೂ ಆಟ ಮುಗಿದ ಮಾರನೇ ವಾರ ಮಾಡಿಸೋದು ಅಂತ ಮಾತಾಗಿದೆ. ಮೊದಲ ಕೆಲವು ದಿನ ಡ್ರಾಪ್ಸ್ ಹಾಕೋದು ಮಾವ, ಆಮೇಲೆ ನಾನು. ಅಮ್ಮ ಇದಕ್ಕೆ ಏನೂ ಹೇಳ್ಲಿಲ್ಲ, ಆದ್ರೆ ಕ್ಯಾಲೆಂಡರಲ್ಲಿ ಗುರುತು ಹಾಕಿದ್ದು ಅಮ್ಮನೇ.

ನಿಮ್ಮ ಮನೆಯಲ್ಲೂ ಹೊರಗಿರೋರು ಇದ್ರೆ ಒಂದು ಕೆಲಸ ಮಾಡಿ. ಈ ಸಲ ಅವರು ಎಷ್ಟು ದಿನ ಬಂದ್ರು, ಅದರಲ್ಲಿ ಅಜ್ಜ-ಅಜ್ಜಿಗೆ ಸಿಕ್ಕಿದ್ದು ಎಷ್ಟು ಅಂತ ಒಂದು ಪುಟದಲ್ಲಿ ಬರೆದು ಇಡಿ. ಜಗಳ ಮಾಡೋಕಲ್ಲ, ಸುಮ್ನೆ ತೋರಿಸೋಕೆ. ಸಂಖ್ಯೆ ಎಷ್ಟು ಬಂತು ಅಂತ ಕಾಮೆಂಟಲ್ಲಿ ಹೇಳಿ.

ಜನವರಿಯಲ್ಲಿ ಕುಂದಾಪುರ ಕಡೆ ಇರೋರು ಆಟಕ್ಕೆ ಬನ್ನಿ ಮಾರ್ರೆ. ಚಾಪೆ ನೀವೇ ತನ್ನಿ, ಚಾ ನಮ್ಮದು.

#ಕುಂದಾಪ್ರಕನ್ನಡ #ಗಲ್ಫ್‌ಮಾವ #ಮಳೆಗಾಲದರಜೆ #ಹರಕೆಆಟ