ಮೇಷ್ಟ್ರು ಕೊಟ್ಟ ಒಂದು ವರ್ಷ

ಅರವತ್ತು ಯಾವಾಗ ತುಂಬೀತು ಎಂದು ದಿನ ಎಣಿಸುವವರು ಲೋಕದಲ್ಲಿ ಎರಡೇ ಬಗೆ. ಬ್ಯಾಂಕಿನಲ್ಲಿ ಠೇವಣಿ ಇಟ್ಟವರು ಒಂದು ಬಗೆ. ಅರವತ್ತಾಯಿತೋ ಅವರಿಗೆ ಅರ್ಧ ಪರ್ಸೆಂಟ್ ಬಡ್ಡಿ ಜಾಸ್ತಿ. ಇನ್ನೊಂದು ಬಗೆ ನಮ್ಮಂಥ ಹವ್ಯಾಸಿ ಓಟಗಾರರು. ಹಿರಿಯರ ಅಥ್ಲೆಟಿಕ್ಸ್‌ನಲ್ಲಿ ಮೂವತ್ತೈದರಿಂದ ಹಿಡಿದು ಐದೈದು ವರ್ಷಕ್ಕೊಂದು ವರ್ಗ. ಐವತ್ತೊಂಬತ್ತರ ಓಟಗಾರ ತನ್ನ ವರ್ಗದಲ್ಲಿ ಎಲ್ಲರಿಗಿಂತ ಮುದುಕ, ಐವತ್ತೈದರ ಹುಡುಗರ ಬೆನ್ನು ನೋಡಿಕೊಂಡೇ ಓಡಬೇಕಾದವನು. ಅರವತ್ತು ತುಂಬಿದ ಬೆಳಿಗ್ಗೆ ಅವನೇ ಹೊಸ ವರ್ಗದ ಮರಿ. ಸರ್ಕಾರಿ ನೌಕರಿಯಲ್ಲಿ ಬಡ್ತಿಗಾಗಿ ಅರ್ಜಿ ಹಿಡಿದುಕೊಂಡು ಬೆಂಗಳೂರಿಗೆ ಅಲೆದ ನನಗೆ, ಸುಮ್ಮನೆ ಉಸಿರಾಡಿಕೊಂಡಿದ್ದರೆ ಸಾಕು ತಾನಾಗಿ ಬರುವ ಈ ಬಡ್ತಿ ಬಹಳ ಹಿಡಿಸಿತು.

ಇದರಲ್ಲಿ ನನಗೆ ಇತರರಿಗಿಲ್ಲದ ಒಂದು ಅನುಕೂಲವೂ ಉಂಟು. ನಾನು ಹುಟ್ಟಿದ್ದು ಒಂದು ದಿನ, ದಾಖಲೆಯಲ್ಲಿ ಹುಟ್ಟಿದ್ದು ಇನ್ನೊಂದು ದಿನ. ನಮ್ಮ ಅಜ್ಜ ಕೈಹಿಡಿದು ಊರಿನ ಶಾಲೆಗೆ ಕರೆದೊಯ್ದಾಗ ನನಗೆ ಸೇರುವ ವಯಸ್ಸಾಗಿರಲಿಲ್ಲ. ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟು ಅಂದರು ಹೆಡ್‌ ಮೇಷ್ಟ್ರು. ಬೆರಳು ಕಿವಿಯವರೆಗೆ ಬರಲೇ ಇಲ್ಲ. "ಮನೇಲಿ ಬಿಟ್ರೆ ಮರ ಹತ್ತಿ ಬೀಳ್ತಾನೆ ಮೇಷ್ಟ್ರೇ" ಎಂದು ಅಜ್ಜ ಅಂಗಲಾಚಿದರು. ಮೇಷ್ಟ್ರು ಮಸಿಕುಡಿಕೆಗೆ ಲೇಖನಿ ಅದ್ದಿ, ಒಂದು ವರ್ಷ ಹಿಂದಕ್ಕೆ ಹೋಗಿ, ಜೂನ್ 1 ಎಂದು ಬರೆದರು. ನಮ್ಮ ತರಗತಿಯಲ್ಲಿ ಅರ್ಧಕ್ಕರ್ಧ ಮಕ್ಕಳು ಹುಟ್ಟಿದ್ದು ಜೂನ್ 1ರಂದೇ. ಆ ದಿನ ನಮ್ಮೂರ ಸೂಲಗಿತ್ತಿಗೆ ಊಟಕ್ಕೂ ಪುರುಸೊತ್ತು ಸಿಕ್ಕಿರಲಾರದು.

ಆ ಒಂದು ವರ್ಷದ ಬೆಲೆ ಗೊತ್ತಾದದ್ದು ನಿವೃತ್ತಿಯ ಹೊತ್ತಿಗೆ. ಹನ್ನೆರಡು ತಿಂಗಳ ಸಂಬಳ, ತುಟ್ಟಿಭತ್ಯೆ ಸಮೇತ, ಆ ಲೇಖನಿಯ ತುದಿಯಲ್ಲಿ ಸೋರಿಹೋಗಿತ್ತು. ನನ್ನ ಹೆಂಡತಿ ಆ ಮೇಷ್ಟ್ರನ್ನು ನೋಡಿದವಳಲ್ಲ. ಆದರೂ ಅಡುಗೆಮನೆಯ ಹೊಸ ಗ್ರಾನೈಟ್ ಕಟ್ಟೆ ಕೈತಪ್ಪಿದ್ದಕ್ಕೆ ಇವತ್ತಿಗೂ ಅವರನ್ನು ನೆನೆಯುತ್ತಾಳೆ. ನಾನು ಮಾತ್ರ ಆ ಸಾಲವನ್ನು ರಸ್ತೆಯ ಮೇಲೆ ವಸೂಲು ಮಾಡುತ್ತಿದ್ದೇನೆ. ನಿಜಕ್ಕೂ ಅರವತ್ತನಾಲ್ಕರ ನಾನು ಈಗ ಓಡುವುದು ಅರವತ್ತೈದು ದಾಟಿದವರ ಜೊತೆ. ಇದು ಮೋಸವಲ್ಲವೇ ಎಂದು ಕೇಳಬಹುದು. ಆಧಾರ್ ಕಾರ್ಡ್ ನೋಡಿ.

ಓಟ ಅಂಟಿಕೊಂಡದ್ದು ಆರೋಗ್ಯದ ಕಾಳಜಿಯಿಂದ ಎಂದು ಮನೆಗೆ ಬಂದವರಿಗೆ ಹೇಳುತ್ತೇನೆ. ಡಾಕ್ಟರು ಸಕ್ಕರೆ ಏರಿದೆ ಎಂದು ಹೇಳಿದ್ದು ನಡೆಯಲು, ಓಡಲು ಅಲ್ಲ. ಮೈಸೂರಿನಲ್ಲಿ ನಡೆಯುವವರಿಗೆ ಕುಕ್ಕರಹಳ್ಳಿ ಕೆರೆ ಇದ್ದೇ ಇದೆ. ಮುಮ್ಮಡಿ ಕೃಷ್ಣರಾಜ ಒಡೆಯರು ಹೊಲಗದ್ದೆಗೆ ನೀರಿಗೆಂದು 1864ರಲ್ಲಿ ಕಟ್ಟಿಸಿದ ಕೆರೆ. ಕುವೆಂಪು ಅವರು ವಾಯುವಿಹಾರಕ್ಕೆ ಬರುತ್ತಿದ್ದ ಏರಿ. ಹೆಜ್ಜಾರ್ಲೆ, ನೀರುಕಾಗೆಗಳ ನಡುವೆ ಕವಿತೆ ಹುಟ್ಟಿದ ಜಾಗದಲ್ಲಿ ಈಗ ಹುಟ್ಟುವುದು ಏಳನೇ ವೇತನ ಆಯೋಗದ ಚರ್ಚೆ. ನನ್ನ ಹಳೆಯ ಸಹೋದ್ಯೋಗಿಯೊಬ್ಬರು ದಿನಾ ಜೊತೆಗೂಡಿ, ಬಾಕಿ ಬಿಲ್ಲು, ಮಂಡಿನೋವು, ಅಳಿಯನ ಬುದ್ಧಿ ಇವು ಮೂರನ್ನೂ ಒಂದೇ ಸುತ್ತಿನಲ್ಲಿ ಮುಗಿಸುತ್ತಿದ್ದರು. ಒಂದು ಬೆಳಿಗ್ಗೆ ಅವರು ಬಿಳಿ ಟೋಪಿ ಹಾಕಿಕೊಂಡು ದೂರದಲ್ಲಿ ಕೈಬೀಸುವುದು ಕಂಡಿತು. ಕಾಲು ತಾನಾಗಿ ಓಡಿತು. ಅವರ ದನಿ ಕೇಳಿಸದಷ್ಟು ದೂರ ಹೋಗಿ ನಿಂತಾಗ ಎದೆ ತಿದಿಯೊತ್ತುತ್ತಿತ್ತು, ಆದರೆ ಮನಸ್ಸಿಗೆ ಎಂಥದೋ ಖುಷಿ.

ವಯಸ್ಸಾದವನು ನಡೆದರೆ ಯಾರೂ ಕೇಳುವುದಿಲ್ಲ, ಓಡಿದರೆ ಊರೇ ಕೇಳುತ್ತದೆ. ಹಿರಿಯರು ಓಡುತ್ತಿದ್ದಾರೆ ಎಂದರೆ ಯಾರಿಗೋ ಏನೋ ಆಗಿದೆ ಎಂದೇ ನಮ್ಮ ಕಡೆ ಅರ್ಥ. ಹಾಲಿನವನು ಸೈಕಲ್ ನಿಲ್ಲಿಸಿ, "ಏನಾಯ್ತು ಸಾರ್, ಮನೇಲಿ ಅಮ್ಮಾವ್ರು ಹುಷಾರಾಗವ್ರಾ?" ಅಂದ. ಆಟೋದವನೊಬ್ಬ ಪಕ್ಕಕ್ಕೇ ಬಂದು, ನನ್ನ ವೇಗಕ್ಕೆ ಸರಿಯಾಗಿ ಗಾಡಿ ನಿಧಾನ ಮಾಡಿ, "ಕೂತ್ಕಳಿ ಸಾರ್, ರೈಲು ಎಷ್ಟೊತ್ಗೆ? ಹಿಡಿಸ್ಕೊಡ್ತೀನಿ" ಅಂದ. ನನ್ನ ವೇಗದಲ್ಲಿ ಆಟೋ ಓಡಿಸುವುದು ಅವನಿಗೆ ಕಷ್ಟವಾಗುತ್ತಿತ್ತು ಎಂಬುದನ್ನು ಎಂಜಿನ್ನಿನ ನರಳಾಟದಿಂದಲೇ ತಿಳಿದುಕೊಂಡೆ.

ಓಟದ ಸ್ಪರ್ಧೆಗಳಿಗೆ ಹೆಸರು ಕೊಡಲು ಶುರು ಮಾಡಿದ ಮೇಲೆ ಮನೆಯಲ್ಲಿ ಎದ್ದ ಚರ್ಚೆ ಬೇರೆ ನೆಲೆಯದು. "ಅಲ್ಲಾ ರೀ, ರಸ್ತೇಲಿ ಓಡೋಕೆ ದುಡ್ಡು ಯಾಕೆ ಕಟ್ಟಬೇಕು? ರಸ್ತೆ ಸರ್ಕಾರದ್ದು, ಕಾಲು ನಿಮ್ಮದು." ಈ ಪ್ರಶ್ನೆಗೆ ನನ್ನ ಬಳಿ ಉತ್ತರವಿಲ್ಲ. ದುಡ್ಡು ಕಟ್ಟಿದವನಿಗೆ ಸಿಗುವುದು ಬಿಬ್ ಎಂಬ ಒಂದು ನಂಬರು ಚೀಟಿ, ಅದರಲ್ಲಿ ಅಂಟಿಸಿದ ಚಿಪ್, ಮೈಗೆ ಅಂಟುವ ಟೀ ಶರ್ಟು, ಓಡಿ ಮುಗಿಸಿದರೆ ಮೆಡಲು. ಮೆಡಲುಗಳು ದೇವರಮನೆಯ ಪಕ್ಕದ ಮೊಳೆಗೆ ನೇತಾಡುತ್ತಿದ್ದವು. ಮೊಳೆ ಸಡಿಲವಾದ ಮೇಲೆ ಅಟ್ಟಕ್ಕೆ ಹೋದವು. ಟೀ ಶರ್ಟುಗಳು ಗಾಡಿ ಒರೆಸಲು ಒಳ್ಳೆಯವು ಎಂದು ಮಗನ ಅಭಿಪ್ರಾಯ. ಆದರೆ ಬಿಬ್ಬನ್ನು ಎದೆಗೆ ಸಿಕ್ಕಿಸಿಕೊಳ್ಳಲು ಕೊಡುವ ನಾಲ್ಕು ಸೇಫ್ಟಿ ಪಿನ್ನುಗಳಿಗೆ ಮಾತ್ರ ಮನೆಯಲ್ಲಿ ಭಾರೀ ಗೌರವ. ಅಂಗಡಿಯವಕ್ಕಿಂತ ಗಟ್ಟಿಯಂತೆ, ರೇಷ್ಮೆ ಸೀರೆಯ ನೆರಿಗೆಗೆ ಸರಿಯಾಗಿ ಹೊಂದುತ್ತವಂತೆ. ಬಂಧುಗಳ ಮದುವೆಯಲ್ಲಿ ನಮ್ಮ ಮನೆಯ ಹೆಂಗಸರ ಸೆರಗು ಭುಜದ ಮೇಲೆ ಭದ್ರವಾಗಿ ನಿಂತಿದ್ದರೆ ಅದರ ಹಿಂದೆ ನನ್ನ ಬೆವರಿದೆ.

ತಾಲೀಮಿನ ವಿಷಯ. ವಾರಕ್ಕೊಮ್ಮೆ ಚಾಮುಂಡಿಬೆಟ್ಟದ ಮೆಟ್ಟಿಲು. ದೊಡ್ಡ ದೇವರಾಜ ಒಡೆಯರು ಕಟ್ಟಿಸಿದ ಸಾವಿರದ ಚಿಲ್ಲರೆ ಮೆಟ್ಟಿಲುಗಳಿವೆ. ಮುಕ್ಕಾಲು ಪಾಲು ಹತ್ತುವ ಹೊತ್ತಿಗೆ ಕಪ್ಪು ನಂದಿ ಎದುರಾಗುತ್ತಾನೆ. ಹರಕೆ ಹೊತ್ತ ಹೆಂಗಸರು ಕೆಳಗಿನಿಂದ ಮೇಲಿನವರೆಗೆ ಒಂದೊಂದು ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತ ಹೋಗುತ್ತಾರೆ. ಒಂದು ಆಷಾಢದ ಬೆಳಿಗ್ಗೆ ಹಸಿರು ಸೀರೆಯ ಒಬ್ಬಾಕೆ, ನನಗಿಂತ ಹಿರಿಯರೇ ಇರಬೇಕು, ಬುಡದಲ್ಲಿ ಬಗ್ಗಿ ಹಚ್ಚಲು ಶುರು ಮಾಡಿದ್ದರು. ನಾನು ಒಂದೇ ಉಸಿರಿಗೆ ಅವರನ್ನು ದಾಟಿ, ಎರಡೆರಡು ಮೆಟ್ಟಿಲು ಹಾರಿ, ಮೇಲೆ ಹೋದೆ. ನಡುವೆ ಒಂದು ಕಡೆ ಮಂಡಿ ಹಿಡಿದು ಕೂತೆ. ಮತ್ತೆ ಹತ್ತಿದೆ, ಮತ್ತೆ ಕೂತೆ. ನಂದಿಯ ಮುಂದಿನ ಕಟ್ಟೆಯ ಮೇಲೆ ನಾನಿನ್ನೂ ಏದುಸಿರು ಬಿಡುತ್ತಿದ್ದಾಗ ಅದೇ ಹಸಿರು ಸೀರೆ ಬಂತು. ಎಡಗೈಯಲ್ಲಿ ಕುಂಕುಮದ ಬಟ್ಟಲು ಖಾಲಿಯಾಗುತ್ತ ಬಂದಿತ್ತು, ಬಲಗೈ ಮೊಣಕೈವರೆಗೆ ಹಳದಿ ಕೆಂಪು. ಅವರ ಉಸಿರು ಏರಿರಲಿಲ್ಲ. ನನ್ನ ಮುಖ ನೋಡಿ, ಸೊಂಟದ ಚೀಲದಿಂದ ಒಂದು ಬಾಳೆಹಣ್ಣು ತೆಗೆದು ಕೊಟ್ಟು, "ನಿಧಾನಕ್ಕೆ ಬನ್ನಿ ಸ್ವಾಮಿ, ಅಮ್ಮ ಎಲ್ಲೂ ಹೋಗಲ್ಲ" ಎಂದು ಮುಂದಿನ ಮೆಟ್ಟಿಲಿಗೆ ಬಗ್ಗಿದರು. ಓಟದ ತರಬೇತುದಾರರು ಪೇಸ್ ಬಗ್ಗೆ ಪುಟಗಟ್ಟಲೆ ಬರೆದಿದ್ದಾರೆ. ಯಾರೂ ಇಷ್ಟು ಸ್ಪಷ್ಟವಾಗಿ ಹೇಳಿಲ್ಲ.

ದೇಹದ ಲೆಕ್ಕ ಸರಳ, ಆದರೆ ನಿರ್ದಯ. ಮೂವತ್ತು ದಾಟಿದ ಮೇಲೆ ದೇಹ ಆಮ್ಲಜನಕ ಬಳಸಿಕೊಳ್ಳುವ ಶಕ್ತಿ ಹತ್ತು ವರ್ಷಕ್ಕೆ ಸುಮಾರು ಶೇ. 10ರಷ್ಟು ಇಳಿಯುತ್ತದೆ, ಬಿಡದೆ ಓಡುವವರಲ್ಲಿ ಇಳಿತ ಅಷ್ಟು ಕಡಿದಾಗಿರುವುದಿಲ್ಲ. ಹೃದಯ ಗರಿಷ್ಠ ಎಷ್ಟು ಬಡಿಯಬಲ್ಲದು ಎಂಬುದಕ್ಕೆ ಎಲ್ಲರ ಬಾಯಲ್ಲೂ ಇರುವ ಅಂದಾಜು, 220ರಲ್ಲಿ ವಯಸ್ಸನ್ನು ಕಳೆಯುವುದು. ಮಗ ತಂದುಕೊಟ್ಟ ಕೈಗಡಿಯಾರ ಜನ್ಮದಿನಾಂಕ ಕೇಳಿತು. ಅಭ್ಯಾಸಬಲದಿಂದ ಜೂನ್ 1 ಎಂದೇ ಒತ್ತಿದೆ. ಹಾಗಾಗಿ ಅದು ನನಗೆ ನಿಗದಿಪಡಿಸಿದ್ದು 155. ನಿಜವಾದ ವಯಸ್ಸಿಗೆ 156 ಸಿಗಬೇಕಿತ್ತು. ಮೇಷ್ಟ್ರ ದಯದಿಂದ ನಿಮಿಷಕ್ಕೊಂದು ಬಡಿತ ಖೋತಾ.

ಓಡುವವರ ನಡುವೆ ಏಜ್ ಗ್ರೇಡಿಂಗ್ ಎಂಬ ಇನ್ನೊಂದು ಲೆಕ್ಕವಿದೆ. ನಿಮ್ಮ ವಯಸ್ಸಿನವರಲ್ಲಿ ಜಗತ್ತಿನ ಅತ್ಯುತ್ತಮ ಓಟಕ್ಕೆ ನಿಮ್ಮ ಓಟವನ್ನು ಹೋಲಿಸಿ ಅಂಕ ಕೊಡುತ್ತಾರೆ. ನನಗೆ ಬರುವುದು ಶೇ. 50ರ ಆಸುಪಾಸು, ನಮ್ಮ ಕಾಲದಲ್ಲಿ ಅದಕ್ಕೆ ಸೆಕೆಂಡ್ ಕ್ಲಾಸ್ ಅನ್ನುತ್ತಿದ್ದರು, ಬ್ಯಾಂಕ್ ಪರೀಕ್ಷೆಗೂ ಕೂರಬಹುದಿತ್ತು. ಫಸ್ಟ್ ಕ್ಲಾಸ್ ಸಿಗದಂತೆ ಕೆಡಿಸಿದ್ದು ಎಡ್ ವಿಟ್ಲಾಕ್‌ನಂಥವರು. ಕೆನಡಾದ ಈ ಸಣಕಲು ಎಂಜಿನಿಯರ್ 2004ರಲ್ಲಿ, ಎಪ್ಪತ್ತಮೂರನೇ ವಯಸ್ಸಿನಲ್ಲಿ, ಟೊರಾಂಟೊದಲ್ಲಿ ಮ್ಯಾರಥಾನ್ ಮುಗಿಸಿದ್ದು 2 ಗಂಟೆ 54 ನಿಮಿಷ 48 ಸೆಕೆಂಡುಗಳಲ್ಲಿ. 42.195 ಕಿಲೋಮೀಟರ್! ಆತ ತಾಲೀಮು ಮಾಡುತ್ತಿದ್ದದ್ದು ಮನೆ ಹತ್ತಿರದ ಸ್ಮಶಾನದಲ್ಲಿ, ಗಂಟೆಗಟ್ಟಲೆ ಅದೇ ಸಮಾಧಿಗಳ ಸುತ್ತ. ನಮ್ಮ ಮನೆಯಲ್ಲಿ ಇದನ್ನು ಹೇಳಿದಾಗ, "ಅಲ್ಲಿಗೆ ಎಲ್ಲರೂ ಹೋಗೋರೇ, ಇವನೊಬ್ಬನಿಗೆ ಏನು ಅವಸರ" ಎಂಬ ಪ್ರತಿಕ್ರಿಯೆ ಬಂತು.

ನನಗೆ ಹೆಚ್ಚು ಹತ್ತಿರದವರು ಫೌಜಾ ಸಿಂಗ್. ಪಂಜಾಬಿನ ರೈತ, ಹೆಂಡತಿ, ಮಗ ಹೋದ ದುಃಖದಲ್ಲಿ ಓಟ ಹಿಡಿದು, ಮೊದಲ ಮ್ಯಾರಥಾನ್ ಓಡಿದ್ದು 2000ದಲ್ಲಿ ಲಂಡನ್‌ನಲ್ಲಿ, ಎಂಬತ್ತೊಂಬತ್ತನೇ ವಯಸ್ಸಿಗೆ. 2011ರಲ್ಲಿ ನೂರರ ಅಜ್ಜ ಟೊರಾಂಟೊದಲ್ಲಿ ಎಂಟು ಗಂಟೆಗೂ ಮೇಲೆ ಓಡಿ, ನಡೆದು ಗುರಿ ಮುಟ್ಟಿದರು. ಗಿನ್ನೆಸ್‌ನವರು ದಾಖಲೆಗೆ ಸೇರಿಸಿಕೊಳ್ಳಲಿಲ್ಲ. ಜನನ ಪ್ರಮಾಣಪತ್ರ ಇಲ್ಲವಂತೆ. 1911ರ ಪಂಜಾಬಿನ ಹಳ್ಳಿಯಲ್ಲಿ ಪ್ರಮಾಣಪತ್ರ ಬರೆಯುವವರು ಯಾರಿದ್ದರು? ನಮ್ಮ ಹೆಡ್‌ ಮೇಷ್ಟ್ರಂಥವರು ಒಬ್ಬರು ಅಲ್ಲಿದ್ದಿದ್ದರೆ ಆ ಅಜ್ಜನ ಹೆಸರು ಪುಸ್ತಕ ಸೇರುತ್ತಿತ್ತು. 2025ರ ಜುಲೈನಲ್ಲಿ ತಮ್ಮೂರಿನ ಬಳಿ ರಸ್ತೆಯಲ್ಲಿ ವಾಹನ ಬಡಿದು ಅವರು ತೀರಿಕೊಂಡರು. ನೂರಾಹದಿನಾಲ್ಕರಲ್ಲೂ ಅಡ್ಡಾಡಲು ಹೊರಟಿದ್ದರಂತೆ. ಆ ದಿನ ನಾನು ಓಡಲಿಲ್ಲ.

ವರ್ಷಕ್ಕೊಮ್ಮೆ ಬೆಂಗಳೂರಿನ ವರ್ಲ್ಡ್ 10ಕೆ. 2008ರಿಂದ ನಡೆಯುತ್ತಿರುವ ಈ ಓಟದಲ್ಲಿ ಹಿರಿಯ ನಾಗರಿಕರಿಗೆಂದೇ ಬೇರೆ ಓಟವಿದೆ, ಹತ್ತರ ಅರ್ಧಕ್ಕಿಂತ ಕಡಿಮೆ ದೂರ. ಮಗ ಪ್ರತಿ ಸಲ, "ಅಪ್ಪಾ, ಅದಕ್ಕೇ ಸೇರಿಸ್ತೀನಿ" ಅನ್ನುತ್ತಾನೆ. ಪ್ರತಿ ಸಲ ನಾನು ಅವನ ಜೊತೆ ಎರಡು ದಿನ ಮಾತು ಬಿಡುತ್ತೇನೆ. ಬಡ್ಡಿಗೆ, ಬಸ್ಸಿನ ಸೀಟಿಗೆ ನಾನು ಹಿರಿಯ ನಾಗರಿಕ. ಹತ್ತು ಕಿಲೋಮೀಟರಿಗೆ ಅಲ್ಲ. ಆ ರಸ್ತೆಗಳಲ್ಲಿ 2022ರಲ್ಲಿ ಕೀನ್ಯಾದ ನಿಕೋಲಸ್ ಕಿಮೆಲಿ 27 ನಿಮಿಷ 38 ಸೆಕೆಂಡುಗಳಲ್ಲಿ ಓಟ ಮುಗಿಸಿದ್ದ. ಅಷ್ಟು ಹೊತ್ತಿಗೆ ನಾನಾದರೆ ನಾಲ್ಕನೇ ಕಿಲೋಮೀಟರಿನ ಬೋರ್ಡು ದಾಟಿ, ನೀರಿನ ಮೇಜು ಎಲ್ಲಿ ಎಂದು ಕತ್ತು ಚಾಚುತ್ತಿರುತ್ತೇನೆ. ಆತನಿಗೂ ನನಗೂ ಒಂದೇ ಡಾಂಬರು ಎಂಬುದಷ್ಟೇ ಸಮಾಧಾನ.

ಅಲ್ಲಿ ಸಿಕ್ಕವರು ಮಂಡ್ಯದ ಕಡೆಯ ಒಬ್ಬ ನಿವೃತ್ತ ಗಣಿತದ ಮೇಷ್ಟ್ರು. ನನ್ನ ವರ್ಗದವರೇ, ಪ್ರತಿ ಸಲ ನನಗಿಂತ ಒಂದೆರಡು ನಿಮಿಷ ಮುಂದೆ. ಎಷ್ಟೋ ಓಟಗಳಲ್ಲಿ ನಾನು ನೋಡಿದ್ದು ಅವರ ಬೆನ್ನನ್ನೇ. ಬನಿಯನ್ನಿನ ಎಡಗಡೆ ಇದ್ದ ಇಸ್ತ್ರಿಪೆಟ್ಟಿಗೆಯ ಕಲೆ ಕೂಡ ಪರಿಚಯವಾಗಿತ್ತು. ಒಮ್ಮೆ ಎಳನೀರು ಕುಡಿಯುತ್ತ ಜನ್ಮದಿನದ ಮಾತು ಬಂತು. "ಜೂನ್ ಒಂದು" ಅಂದರು. ನಾನು ನಕ್ಕೆ. ಅವರೂ ನಕ್ಕರು. "ನಿಮ್ದೂನಾ ಸ್ವಾಮಿ? ಹಂಗಾದ್ರೆ ಎರಡು ಕಡೆಯಿಂದ್ಲೂ ಒಂದು ಕಳೀರಿ, ಸಮ."

ಈಗ ಅವರು ಅಮೆರಿಕದಲ್ಲಿದ್ದಾರೆ. ಮಗಳ ಬಾಣಂತನಕ್ಕೆಂದು ಹೆಂಡತಿಯ ಜೊತೆ ಹೋದವರು ಮೊಮ್ಮಗುವಿನ ಜೊತೆ ಉಳಿದರು. "ಇಲ್ಲಿ ಬೀದೀಲಿ ಒಂದು ನಾಯೂ ಅಟ್ಟಿಸ್ಕೊಂಡು ಬರಲ್ಲ ಸ್ವಾಮಿ, ಸ್ಪೀಡೇ ಬರ್ತಾ ಇಲ್ಲ" ಎಂದು ವಾಟ್ಸಾಪ್ ಮಾಡಿದ್ದರು. ಅವರಿಲ್ಲದ ಮೊದಲ ಓಟದಲ್ಲಿ, ಊರಿನದೇ ಒಂದು ಸಣ್ಣ ಸ್ಪರ್ಧೆ, ನನ್ನ ವರ್ಗದ ಮೂರನೇ ಬಹುಮಾನ ನನಗೆ ಬಂತು. ವೇದಿಕೆ ಹತ್ತಿಸಿ ಪ್ರೋಟೀನ್ ಪುಡಿಯ ಡಬ್ಬ ಕೊಟ್ಟರು. ನನಗಿಂತ ಮುಂದೆ ಬಂದವರು ಯಾರೋ, ಅವರ ಬೆನ್ನನ್ನು ಓಟದಲ್ಲಿ ನೋಡಿದ ನೆನಪೂ ಇಲ್ಲ. ಫೋಟೋ ಕಳಿಸಿದ್ದಕ್ಕೆ ಮೇಷ್ಟ್ರ ಉತ್ತರ ಅಲ್ಲಿನ ನಡುರಾತ್ರಿಯಲ್ಲಿ ಬಂತು: "ಟೈಮ್ ಎಷ್ಟು?" ಹೇಳಿದೆ. "ನಾನಿದ್ದಿದ್ರೆ ನಾಲ್ಕನೇದು ನಿಮ್ದು" ಅಂದರು. ಸರಿಯಾದ ಲೆಕ್ಕವೇ. ಡಬ್ಬ ಇನ್ನೂ ಒಡೆದಿಲ್ಲ.

ಅವರು ಇಲ್ಲದಿರುವುದು ಹೆಚ್ಚು ಕಾಡುವುದು ಏಳನೇ ಕಿಲೋಮೀಟರಿನಲ್ಲಿ. ಅಲ್ಲಿಗೆ ಬರುವ ಹೊತ್ತಿಗೆ ತೊಡೆ ಕಲ್ಲಾಗಿರುತ್ತದೆ, ರಸ್ತೆಬದಿಯ ಕಾಲೇಜು ಹುಡುಗ ಹುಡುಗಿಯರು, "ಕಮಾನ್ ಅಂಕಲ್, ಇನ್ನೇನ್ ಬಂದೇಬಿಡ್ತು!" ಎಂದು ಕೂಗುತ್ತಾರೆ. ಮೂರು ಕಿಲೋಮೀಟರ್ ಇರುತ್ತದೆ. ಮೇಷ್ಟ್ರು ಮುಂದಿದ್ದಾಗ ತಿರುವಿನಲ್ಲಿ ಒಮ್ಮೆ ಹಿಂದಿರುಗಿ ನೋಡಿ, "ಎರಡು ಪಾಯಿಂಟ್ ಎಂಟು ಉಳಿದದೆ ಸ್ವಾಮಿ, ಬನ್ನಿ" ಎಂದು ಕೂಗಿ ಹೋಗುತ್ತಿದ್ದರು. ಆ 2.8ನ್ನು ನಂಬಿ ನಾನು ಓಡಬಲ್ಲವನಾಗಿದ್ದೆ.

ಆದ್ದರಿಂದ ಓಟದ ದಿನ ರಸ್ತೆಬದಿಯಲ್ಲಿ ನಿಲ್ಲುವ ಪುಣ್ಯಾತ್ಮರಲ್ಲಿ ಒಂದು ಅರಿಕೆ. ದೂರ ಇನ್ನೆಷ್ಟಿದೆಯೋ ಅಷ್ಟನ್ನೇ ಹೇಳಿ. ಗೊತ್ತಿಲ್ಲದಿದ್ದರೆ ಚಪ್ಪಾಳೆ ತಟ್ಟಿ, ಸಾಕು. ಕಿತ್ತಳೆ ತೊಳೆ ಕೊಡುವುದಾದರೆ ಬೀಜ ತೆಗೆದು ಕೊಡಿ. ಅಂಕಲ್ ಅನ್ನಿ, ಬೇಜಾರಿಲ್ಲ. ತಾತ ಅನ್ನುವುದಕ್ಕೆ ಮಾತ್ರ ನನಗೆ ಎಪ್ಪತ್ತಾಗುವವರೆಗೆ ತಡೆಯಿರಿ; ಅದೂ ಹೆಡ್‌ ಮೇಷ್ಟ್ರು ಬರೆದ ಎಪ್ಪತ್ತಲ್ಲ, ಅವ್ವ ಹೆತ್ತ ಲೆಕ್ಕದ ಎಪ್ಪತ್ತು.